ಕೆರೆಯ ದಂಡೆ ಮತ್ತು ಮುಚ್ಚಿದ ಕೋಣೆ

ವಸಂತವು ಕೂಟದ ಋತು. ಹೋಳಿಹುಣ್ಣಿಮೆಯ ಬಣ್ಣ, ಯುಗಾದಿಯ ಬೇವುಬೆಲ್ಲ, ಅದರ ಬೆನ್ನಿಗೇ ಮದುವೆಯ ಹಂದರಗಳು. ಬಿಸಿಲು ಇಳಿದ ಮೇಲೆ ನಾಲ್ಕು ಜನ ಒಂದೆಡೆ ಕುಳಿತು ಗಾಳಿಗೆ ಮೈಯೊಡ್ಡುವ ವಾಡಿಕೆ. ವಿಜಯಪುರದವರಿಗೆ ಇಂಥ ಸಂಜೆಗಳಿಗೆ ಒಗ್ಗಿದ ಸ್ಥಳಗಳಲ್ಲಿ ಭೂತನಾಳ ಕೆರೆಯ ದಂಡೆಯೂ ಒಂದು. ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದ ಕೆರೆಯೇ ನಗರದ ಬಿಡುವಿನ ವೇಳೆಗೂ ಆಶ್ರಯವಾಯಿತು.

2020ರ ವಸಂತದಲ್ಲಿ ಕೊರೊನಾ ಪಿಡುಗಿನಿಂದಾಗಿ ಈ ಕೂಟಗಳೆಲ್ಲ ಒಮ್ಮೆಗೇ ನಿಂತುಹೋದವು. ಮಾರ್ಚ್ 17ರಿಂದ ಗೋಳಗುಮ್ಮಟವೇ ಮೊದಲಾದ ಸ್ಮಾರಕಗಳು ಮುಚ್ಚಿದವು. ಮಾರ್ಚ್ 24ರ ರಾತ್ರಿ ಸಾರಿದ ಲಾಕ್‌ಡೌನ್ ಮರುದಿನ, ಯುಗಾದಿಯಂದೇ, ಜಾರಿಗೆ ಬಂತು. 2021ರಲ್ಲಿ ಏಪ್ರಿಲ್ 13ಕ್ಕೆ ಯುಗಾದಿ ಬಂದಾಗ ಎರಡನೆಯ ಅಲೆ ಏರುತ್ತಿತ್ತು. ಅದೇ ತಿಂಗಳ 27ರಿಂದ ರಾಜ್ಯದಲ್ಲಿ ಮತ್ತೆ ಬಿಗಿಯಾದ ನಿರ್ಬಂಧಗಳು ಬಂದವು.

ಆಗ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ: ನಾಲ್ಕು ಜನ ಕೂಡಬಹುದೋ, ಕೂಡಬಾರದೋ? ಭೌತಶಾಸ್ತ್ರದ ದೃಷ್ಟಿಯಿಂದ ಈ ಪ್ರಶ್ನೆ ಅರ್ಧ ಮಾತ್ರ. ಎಲ್ಲಿ ಕೂಡುವುದು ಎಂಬುದು ಅದರ ಉಳಿದರ್ಧ. ಇದೇಕೆ ಹೀಗೆಂಬುದನ್ನು ವಿಚಾರಿಸೋಣ.

ಬೀಳುವ ಹನಿ, ತೇಲುವ ಕಣ

ನಾವು ಮಾತನಾಡುವಾಗ, ಹಾಡುವಾಗ, ಕೆಮ್ಮುವಾಗ ಬಾಯಿಂದ ಬಗೆಬಗೆಯ ಗಾತ್ರದ ಹನಿಗಳು ಹೊರಬೀಳುತ್ತವೆ. ಇವನ್ನು ಅಳೆಯಲು ಮೈಕ್ರಾನ್ ಎಂಬ ಮಾನವುಂಟು. ಅದು ಮಿಲಿಮೀಟರಿನ ಸಾವಿರದ ಒಂದು ಭಾಗ. ನಿಶ್ಚಲವಾದ ಗಾಳಿಯಲ್ಲಿ ಸಣ್ಣ ಹನಿಯೊಂದು ಎಷ್ಟು ವೇಗದಿಂದ ಇಳಿಯುವುದೆಂಬುದಕ್ಕೆ ಸ್ಟೋಕ್ಸ್ ಎಂಬ ವಿಜ್ಞಾನಿ 19ನೆಯ ಶತಮಾನದಲ್ಲಿಯೇ ಸೂತ್ರವನ್ನು ಕೊಟ್ಟಿದ್ದಾನೆ. ಅದರಂತೆ ಹನಿಯ ವ್ಯಾಸ ಹತ್ತರಲ್ಲೊಂದು ಪಾಲಾದರೆ ಇಳಿಯುವ ವೇಗ ನೂರರಲ್ಲೊಂದು ಪಾಲಾಗುತ್ತದೆ.

ಒಂದೂವರೆ ಮೀಟರ್ ಎತ್ತರದಿಂದ, ಎಂದರೆ ನಿಂತವನ ಬಾಯಿಯ ಎತ್ತರದಿಂದ, ಇಳಿಯುವ ಹನಿಗಳನ್ನು ಹೋಲಿಸಿ ನೋಡೋಣ. 100 ಮೈಕ್ರಾನಿನ ಹನಿ ಸುಮಾರು 5–6 ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. 10 ಮೈಕ್ರಾನಿನ ಹನಿಗೆ ಸುಮಾರು 8 ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕಾದರೋ ಸುಮಾರು ಅರ್ಧ ದಿನವೇ ಬೇಕು! ಸಣ್ಣ ಹನಿ ತನ್ನ ಗಾತ್ರದಲ್ಲಿಯೇ ಉಳಿಯುವುದೂ ಇಲ್ಲ. ನಮ್ಮ ಬಯಲುಸೀಮೆಯ ಚೈತ್ರದ ಒಣಗಾಳಿಯಲ್ಲಿ ಅದರ ನೀರು ಬೇಗನೆ ಆರಿ, ಇನ್ನೂ ಚಿಕ್ಕ ಕಣವಾಗಿ ತೇಲತೊಡಗುತ್ತದೆ. ಹೀಗೆ ತೇಲುವ ಕಣಗಳಿಗೆ ಏರೋಸಾಲ್ ಎಂದು ಹೆಸರು. ಬೇಸಿಗೆಯ ಸೆಕೆಯೇ ರೋಗವನ್ನು ತಡೆದೀತೆಂಬ ನಂಬಿಕೆ 2021ರ ಬೇಸಿಗೆಯಲ್ಲಿ ಸುಳ್ಳಾದುದು ವಾಚಕರಿಗೆ ನೆನಪಿದ್ದೀತು.

ಆರಂಭದಲ್ಲಿ ಎಲ್ಲರ ಗಮನವೂ ಬೀಳುವ ಹನಿಯ ಮೇಲಿತ್ತು. ಎರಡು ಗಜ ದೂರವೆಂಬ ಸೂತ್ರ ಹುಟ್ಟಿದ್ದು ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚಿಯಲ್ಲಿ ಈ ರೋಗ ಗಾಳಿಯ ಮೂಲಕ ಹರಡುವುದಿಲ್ಲವೆಂದು ಸಾರಿತ್ತು. ಅದೇ ವರ್ಷದ ಜುಲೈಯಲ್ಲಿ ಲಿಡಿಯಾ ಮೊರಾವ್‌ಸ್ಕಾ ಮೊದಲಾದವರು ತೇಲುವ ಕಣಗಳ ಅಪಾಯವನ್ನು ಎತ್ತಿ ಹೇಳಿ ಬರೆದ ಬಹಿರಂಗ ಪತ್ರಕ್ಕೆ 239 ವಿಜ್ಞಾನಿಗಳ ಬೆಂಬಲವಿತ್ತು. 2021ರ ಮೇ ತಿಂಗಳಲ್ಲಿ ಭಾರತ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು, ಇಂಥ ಕಣಗಳು 10 ಮೀಟರ್ ದೂರದವರೆಗೂ ಹೋಗಬಲ್ಲವೆಂದು ತಿಳಿಸಿ, ಕಿಟಕಿ ಬಾಗಿಲುಗಳನ್ನು ತೆರೆದಿಡುವಂತೆ ಸೂಚಿಸಿತು.

ಎರಡು ಲೆಕ್ಕಗಳು

ಈಗ ಆರು ಮಂದಿ ಗೆಳೆಯರು ಎರಡು ಗಂಟೆಯ ಕಾಲ ಹರಟೆಗೆ ಕೂಡುತ್ತಾರೆಂದು ಭಾವಿಸೋಣ. ಸುಮ್ಮನೆ ಕುಳಿತ ಮನುಷ್ಯ ಗಂಟೆಗೆ ಸುಮಾರು ಅರ್ಧ ಘನಮೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಆರು ಮಂದಿ ಎರಡು ಗಂಟೆಗಳಲ್ಲಿ ಹೊರಬಿಡುವ ಗಾಳಿ 6 ಘನಮೀಟರ್.

ಕೂಟವು 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ, ಸೆಕೆಗೆ ಅಂಜಿ ಕಿಟಕಿ ಮುಚ್ಚಿ ನಡೆದರೆ, ಅಲ್ಲಿರುವ ಗಾಳಿ 36 ಘನಮೀಟರ್. ಹೊರಗಿನ ಗಾಳಿ ಒಳಗೆ ಬಾರದಿದ್ದರೆ, ಹರಟೆ ಮುಗಿಯುವ ಹೊತ್ತಿಗೆ ಕೋಣೆಯ ಗಾಳಿಯಲ್ಲಿ ಹೆಚ್ಚುಕಡಮೆ ಆರನೆಯ ಒಂದು ಪಾಲು ಯಾರದೋ ಎದೆಯನ್ನು ಹೊಕ್ಕು ಬಂದದ್ದು. ಛಾವಣಿಯ ಪಂಖವು ಆ ಗಾಳಿಯನ್ನೇ ಕಲಕುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ.

ಅದೇ ಆರು ಮಂದಿ ಭೂತನಾಳದ ದಂಡೆಯಲ್ಲಿ ಕುಳಿತರೆ? ಅವರಿರುವ ಜಾಗ 3 ಮೀಟರ್ ಅಗಲ, 2 ಮೀಟರ್ ಎತ್ತರವೆನ್ನೋಣ. ಗಾಳಿ ಸೆಕೆಂಡಿಗೆ 2 ಮೀಟರಿನಂತೆ ಮೆಲ್ಲನೆ ಬೀಸುತ್ತಿದೆಯೆನ್ನೋಣ. ಪ್ರತಿ ಸೆಕೆಂಡಿಗೆ 12 ಘನಮೀಟರ್ ಹೊಸ ಗಾಳಿ ಅವರನ್ನು ಹಾದುಹೋಗುತ್ತದೆ. ಎರಡು ಗಂಟೆಗಳಲ್ಲಿ 86,400 ಘನಮೀಟರ್. ಅದರಲ್ಲಿ ಅವರ ಉಸಿರು ಅದೇ 6 ಘನಮೀಟರ್, ಎಂದರೆ 14,400ರಲ್ಲಿ ಒಂದು ಪಾಲು. ಜನರೂ ಅವರೇ, ಮಾತೂ ಅದೇ. ಪರರ ಉಸಿರಿನ ಪಾಲು ಮಾತ್ರ ಸಾವಿರಾರು ಪಟ್ಟು ಕಡಮೆ.

ಇದು ಸರಾಸರಿಯ ಲೆಕ್ಕವೆಂಬುದನ್ನು ಮರೆಯಬಾರದು. ಬಯಲಿನಲ್ಲಿಯೂ ಮುಖಕ್ಕೆ ಮುಖ ತಂದು ಮಾತನಾಡಿದರೆ ಉಸಿರು ಗಾಳಿಯೊಡನೆ ಬೆರೆಯುವ ಮೊದಲೇ ಎದುರಿನವನನ್ನು ಮುಟ್ಟುತ್ತದೆ. ಆದಕಾರಣ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ನಡುವೆ ತೆರಪು ಬಿಟ್ಟು ಸಾಲಾಗಿ ಕೂಡುವುದು ಒಳ್ಳೆಯದು. ಜನ ಕಿಕ್ಕಿರಿದ ಜಾತ್ರೆಗೆ ಈ ಲೆಕ್ಕ ಒಪ್ಪುವುದಿಲ್ಲ.

ಮನೆಯಲ್ಲೊಂದು ಪ್ರಯೋಗ

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಕತ್ತಲಾದ ಮೇಲೆ ಮುಚ್ಚಿದ ಕೋಣೆಯಲ್ಲಿ ಒಂದು ಊದುಬತ್ತಿಯನ್ನು ಹತ್ತು ನಿಮಿಷ ಉರಿಸಿ, ಆರಿಸಿ, ಟಾರ್ಚಿನ ಬೆಳಕು ಹಾಯಿಸಿರಿ. ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ ಚಿಕ್ಕವು. ಬೆಳಕಿನ ಕೋಲಿನಲ್ಲಿ ಅವು ಬಹಳ ಹೊತ್ತು ತೇಲುತ್ತಿರುವುದು ಕಾಣುತ್ತದೆ. ಮಾತಿನಲ್ಲಿ ಹೊಮ್ಮುವ ಸೂಕ್ಷ್ಮ ಕಣಗಳ ನಡೆಯೂ ಹೀಗೆಯೇ. ಈಗ ಎದುರುಬದುರಿನ ಕಿಟಕಿ ಬಾಗಿಲುಗಳನ್ನು ತೆರೆದು, ಹೊಗೆ ತಿಳಿಯಾಗಲು ಎಷ್ಟು ಹೊತ್ತು ಹಿಡಿಯುವುದೆಂದು ಗಡಿಯಾರ ನೋಡಿರಿ. ಒಂದೇ ಕಿಟಕಿಯನ್ನು ತೆರೆದು ಮತ್ತೊಮ್ಮೆ ಮಾಡಿದರೆ, ಗಾಳಿಗೆ ಬರುವ ದಾರಿಯಂತೆ ಹೋಗುವ ದಾರಿಯೂ ಏಕೆ ಬೇಕೆಂಬುದು ತಿಳಿಯುವುದು.

ಉಳಿದ ಪಾಠ

ಸ್ವರೂಪವೇ ತಿಳಿಯದ ಹೊಸ ರೋಗ ಬಂದಾಗ ಮೊದಲು ಗುಂಪುಗಳನ್ನು ತಡೆಯಬೇಕಾಗುವುದು ಸಹಜ. ಆದರೆ ಮನುಷ್ಯನಿಗೆ ಕೂಟವೆಂಬುದು ಕೇವಲ ವಿಲಾಸವಲ್ಲ. ಮಾತಿಗೊಬ್ಬರಿಲ್ಲದೆ ವಸಂತಗಳನ್ನು ನಾಲ್ಕು ಗೋಡೆಗಳ ನಡುವೆ ಕಳೆದ ವೃದ್ಧರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಬಯಲೂ ಬೇಡ, ಕೋಣೆಯೂ ಬೇಡವೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಜನರ ಕೂಟ ನಿಲ್ಲುವುದಿಲ್ಲ. ಕಣ್ಣಿಗೆ ಬೀಳದ ಮುಚ್ಚಿದ ಕೋಣೆಯನ್ನು ಅದು ಸೇರುತ್ತದೆ, ಅಷ್ಟೆ. ಅಪಾಯ ಹೆಚ್ಚಾಗಿರುವುದೂ ಅಲ್ಲಿಯೇ.

ಕೇಂದ್ರದ ನಿರ್ಬಂಧಗಳು 2022ರ ಮಾರ್ಚ್ 31ಕ್ಕೆ ಮುಗಿದು, ಏಪ್ರಿಲ್ 2ರ ಯುಗಾದಿಗೆ ಬೇವುಬೆಲ್ಲ ಮತ್ತೆ ಮನೆಯಿಂದ ಮನೆಗೆ ಹೋಯಿತು. ಮುಂದೆಂದಾದರೂ ಇಂಥ ಪಿಡುಗು ಬಂದರೆ ನಮ್ಮ ಊರುಗಳಿಗೆ ಕೆರೆಯ ದಂಡೆಯೂ ಮರದ ನೆರಳಿನ ಕಟ್ಟೆಯೂ ತೆರೆದ ಅಂಗಳವೂ ಔಷಧಾಲಯದಷ್ಟೇ ಬೇಕಾಗುವವು. ಅವುಗಳನ್ನು ಇಂದೇ ಉಳಿಸಿಕೊಳ್ಳುವುದು ವಿವೇಕ.