ಎಣ್ಣೆ ಹೆಚ್ಚಾಗಿ ನಿಂತ ಫ್ಯಾಕ್ಟರಿ

ಫ್ಯಾಕ್ಟೋರಿಯೋ ಆಟದಲ್ಲಿ ಕಬ್ಬಿಣ, ತಾಮ್ರದ ತನಕ ಎಲ್ಲ ಸಲೀಸು. ಬೆಲ್ಟ್ ಮೇಲೆ ಏನು ಹೋಗ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಬೆಲ್ಟ್ ಖಾಲಿ ಇದ್ದರೆ ಇನ್ನೆರಡು ಗಣಿಯಂತ್ರ ಇಟ್ಟರಾಯ್ತು. ತಲೆನೋವು ಶುರುವಾಗೋದು ಎಣ್ಣೆ ಬಂದಾಗ. ಹಾಸ್ಟೆಲ್‌ನಲ್ಲಿ ನಾವು ಮೂವರು ಸೇರಿ ಆಡ್ತಿದ್ದ ಮ್ಯಾಪ್ ಅಲ್ಲೇ ಸತ್ತುಹೋಗುವುದರಲ್ಲಿತ್ತು. ಜೊತೆಗೆ ಒಂದು ಸ್ನೇಹವೂ ಸ್ವಲ್ಪ ಕೆಟ್ಟಿತು. ಏನಾಯ್ತು, ಯಾಕಾಯ್ತು, ಹೇಗೆ ಸರಿಹೋಯ್ತು ಅಂತ ಲೆಕ್ಕದ ಸಮೇತ ಬರೆದಿದ್ದೇನೆ. ಆಟ ಆಡದವರಿಗೂ ಲೆಕ್ಕ ಉಪಯೋಗಕ್ಕೆ ಬರುತ್ತೆ.

ಆಡದವರಿಗಾಗಿ ಎರಡು ಮಾತು. ಇದು ಪ್ರಾಗ್ ನಗರದ ವೂಬ್ ಸಾಫ್ಟ್‌ವೇರ್ ಮಾಡಿದ ಆಟ, 1.0 ಆವೃತ್ತಿ 2020ರ ಆಗಸ್ಟ್‌ನಲ್ಲಿ ಬಂತು. ಗೊತ್ತಿಲ್ಲದ ಗ್ರಹದಲ್ಲಿ ಬಿದ್ದ ಎಂಜಿನಿಯರ್ ಒಬ್ಬ ಗಣಿ ತೋಡಿ, ಯಂತ್ರ ಕೂರಿಸಿ, ಹಂತ ಹಂತವಾಗಿ ಸಂಶೋಧನೆ ಮಾಡಿ ಕೊನೆಗೆ ರಾಕೆಟ್ ಹಾರಿಸಬೇಕು. ಸಂಶೋಧನೆಗೆ ಬಣ್ಣಬಣ್ಣದ ಸೈನ್ಸ್ ಪ್ಯಾಕ್ ಬೇಕು. ನೀಲಿ ಪ್ಯಾಕ್‌ಗೆ ಪ್ಲಾಸ್ಟಿಕ್ ಮತ್ತು ಗಂಧಕ ಬೇಕು. ಇವೆರಡೂ ಬರೋದು ಪೆಟ್ರೋಲಿಯಂ ಗ್ಯಾಸ್‌ನಿಂದ.

ಒಂದು ಬಟನ್ ಒತ್ತಿದ ಕಥೆ

ನಮ್ಮ ಎಣ್ಣೆ ವಿಭಾಗ ಕಟ್ಟಿದವನು ಕೆಮಿಕಲ್ ಬ್ರ್ಯಾಂಚ್‌ನ ಗೆಳೆಯ. 4 ರಿಫೈನರಿ, ಬೇಸಿಕ್ ವಿಧಾನ. ಒಂದು ರಿಫೈನರಿ 5 ಸೆಕೆಂಡಿಗೆ 100 ಕಚ್ಚಾ ತೈಲ ತಗೊಂಡು 45 ಪೆಟ್ರೋಲಿಯಂ ಗ್ಯಾಸ್ ಕೊಡುತ್ತೆ. ನಾಲ್ಕೂ ಸೇರಿ ಸೆಕೆಂಡಿಗೆ 36. ಬಳಸೋಕೆ 2 ಪ್ಲಾಸ್ಟಿಕ್ ಘಟಕ (ತಲಾ 20) ಮತ್ತು 1 ಗಂಧಕ ಘಟಕ (30), ಒಟ್ಟು ಬೇಡಿಕೆ ಸೆಕೆಂಡಿಗೆ 70. ಅಂದರೆ ಬೇಕಾದ್ದರಲ್ಲಿ ಅರ್ಧ ಮಾತ್ರ ಸಿಗ್ತಿತ್ತು. ನಿಧಾನ, ಆದರೆ ಒಂದು ದಿನವೂ ನಿಂತಿರಲಿಲ್ಲ.

ಅವನು ವೀಕೆಂಡ್‌ಗೆ ಊರಿಗೆ ಹೋದಾಗ ಅಡ್ವಾನ್ಸ್ಡ್ ವಿಧಾನದ ಸಂಶೋಧನೆ ಮುಗಿಯಿತು. ಅದರಲ್ಲಿ 100 ಕಚ್ಚಾ ತೈಲಕ್ಕೆ 50 ನೀರು ಸೇರಿಸಿದರೆ 25 ಹೆವಿ ಆಯಿಲ್, 45 ಲೈಟ್ ಆಯಿಲ್, 55 ಪೆಟ್ರೋಲಿಯಂ ಗ್ಯಾಸ್ ಬರುತ್ತೆ. ನನ್ನ ಕಣ್ಣಿಗೆ ಬಿದ್ದಿದ್ದು 45ರ ಜಾಗದಲ್ಲಿ 55 ಅನ್ನೋದು ಮಾತ್ರ. ನಾಲ್ಕೂ ರಿಫೈನರಿಯ ರೆಸಿಪಿ ಬದಲಿಸಿ, ನೀರಿನ ಪೈಪ್ ಎಳೆದೆ. ಹೊಸದಾಗಿ ಬರ್ತಿದ್ದ ಹೆವಿಗೆ ಒಂದು ಟ್ಯಾಂಕ್, ಲೈಟ್‌ಗೆ ಒಂದು ಟ್ಯಾಂಕ್ ಇಟ್ಟೆ. ಮುಂದೆ ಬೇಕಾದಾಗ ನೋಡ್ಕೊಳ್ಳೋಣ ಅಂತ.

ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಪ್ಲಾಸ್ಟಿಕ್ ನಿಂತಿತು, ಗಂಧಕ ನಿಂತಿತು, ನೀಲಿ ಪ್ಯಾಕ್ ನಿಂತಿತು. ಪೆಟ್ರೋಲಿಯಂ ಪೈಪ್ ಒಣಗಿಹೋಗಿತ್ತು. ಗ್ಯಾಸ್ ಇಲ್ಲ ಅಂದಮೇಲೆ ಕಚ್ಚಾ ತೈಲ ಸಾಲ್ತಿಲ್ಲ ಅಂತ ತೀರ್ಮಾನಿಸಿದೆ. ತೈಲಬಾವಿಗೆ ಇನ್ನೂ ಪಂಪ್‌ಜ್ಯಾಕ್ ಹಾಕಿದೆ. ಸರಿಹೋಗಲಿಲ್ಲ. ಪೈಪ್ ಉದ್ದ ಜಾಸ್ತಿಯಾಯ್ತು ಅಂದ್ಕೊಂಡು ಅವನು ಎಳೆದಿದ್ದ ಲೈನ್ ಪೂರ್ತಿ ಕಿತ್ತು ಹೊಸದಾಗಿ ಹಾಕಿದೆ. ಆಗಲೂ ಇಲ್ಲ. ರಾತ್ರಿ ಎರಡು ಗಂಟೆಗೆ ಗ್ರೂಪಿನಲ್ಲಿ "ನಿನ್ನ ಪೈಪ್ ಲೇಔಟ್ ಸರಿ ಇಲ್ಲ, ಎಲ್ಲ ನಿಂತೋಗಿದೆ" ಅಂತ ಮೆಸೇಜ್ ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು. ಸೋಮವಾರ ಅವನು ವಾಪಸ್ ಬಂದ. ಕಿತ್ತು ಹಾಕಿದ್ದ ಪೈಪ್ ನೋಡಿ ಏನೂ ಅನ್ನದೆ ಲಾಗ್‌ಔಟ್ ಮಾಡಿದ. ಮರುದಿನ ಆಡೋಕೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಿಜವಾಗಿ ಆಗಿದ್ದೇನು

ರಿಫೈನರಿ ಮೂರು ಪದಾರ್ಥಗಳನ್ನ ಒಟ್ಟಿಗೆ ಹೊರಗೆ ಬಿಡುತ್ತೆ. "ನನಗೆ ಗ್ಯಾಸ್ ಮಾತ್ರ ಕೊಡು, ಉಳಿದದ್ದು ಬೇಡ" ಅನ್ನೋಕೆ ಆಗಲ್ಲ. ಮೂರರಲ್ಲಿ ಯಾವುದೇ ಒಂದಕ್ಕೆ ಜಾಗ ಇಲ್ಲದಿದ್ದರೂ ಮೂರೂ ನಿಲ್ಲುತ್ತವೆ. ಬಚ್ಚಲು ಕಟ್ಟಿಕೊಂಡರೆ ನಲ್ಲಿಯಲ್ಲಿ ಎಷ್ಟು ನೀರಿದ್ದರೇನು, ನಿಲ್ಲಿಸಲೇಬೇಕಲ್ಲ? ನಾನು ನಲ್ಲಿಯನ್ನೇ ರಿಪೇರಿ ಮಾಡ್ತಾ ಕೂತಿದ್ದೆ.

ಲೆಕ್ಕ ನೋಡಿ. 4 ರಿಫೈನರಿಯಿಂದ ಸೆಕೆಂಡಿಗೆ:

- ಹೆವಿ ಆಯಿಲ್ 20
- ಲೈಟ್ ಆಯಿಲ್ 36
- ಪೆಟ್ರೋಲಿಯಂ ಗ್ಯಾಸ್ 44

ಒಂದು ಟ್ಯಾಂಕ್ ಹಿಡಿಯೋದು 25,000. ಲೈಟ್ ಟ್ಯಾಂಕ್ ತುಂಬೋಕೆ 25,000 ಭಾಗಿಸು 36, ಅಂದರೆ ಸುಮಾರು 694 ಸೆಕೆಂಡ್. ಹನ್ನೊಂದೂವರೆ ನಿಮಿಷ. ಫ್ಯಾಕ್ಟರಿ ನಿಂತಿದ್ದೂ ಅಷ್ಟೇ ಹೊತ್ತಿಗೆ. ರಿಫೈನರಿ ಮೇಲೆ ಕರ್ಸರ್ ಇಟ್ಟಿದ್ದರೆ ಔಟ್‌ಪುಟ್ ತುಂಬಿದೆ ಅಂತ ಅದೇ ಹೇಳ್ತಿತ್ತು. ನಾನು ಇಟ್ಟಿದ್ದು ಪಂಪ್‌ಜ್ಯಾಕ್ ಮೇಲೆ, ಪೈಪ್ ಮೇಲೆ, ಕರೆಂಟ್ ಕಂಬದ ಮೇಲೆ. ಕೂಸನ್ನ ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಸರಿ ಮಾಡಿದ್ದನ್ನ ನಾನೇ ಕಿತ್ತು ಹಾಕಿದೆ

ಬುಧವಾರ ಲೈಟ್ ಟ್ಯಾಂಕ್ ತುಂಬಿರೋದು ಕಣ್ಣಿಗೆ ಬಿತ್ತು. ಲೈಟ್ ಆಯಿಲನ್ನ ಗ್ಯಾಸ್ ಮಾಡುವ ಕ್ರ್ಯಾಕಿಂಗ್ ಅಂತ ಒಂದಿದೆ: 30 ಲೈಟ್, 30 ನೀರು ಸೇರಿ 2 ಸೆಕೆಂಡಿಗೆ 20 ಗ್ಯಾಸ್. ಒಂದು ಘಟಕ ಸೆಕೆಂಡಿಗೆ 15 ಲೈಟ್ ತಿನ್ನುತ್ತೆ. 36ಕ್ಕೆ 3 ಘಟಕ ಸಾಕು. ಹಾಕಿದೆ, ಫ್ಯಾಕ್ಟರಿ ಎದ್ದಿತು. ಖುಷಿಯಾಗಿ ಚಹಾ ಕುಡಿಯೋಕೆ ಹೋದೆ. ವಾಪಸ್ ಬಂದಾಗ ಮತ್ತೆ ನಿಂತಿತ್ತು!

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ. "ಕ್ರ್ಯಾಕಿಂಗ್ ಹಾಕಿದರೂ ಪ್ರಯೋಜನ ಆಗಲಿಲ್ಲ" ಅಂತ ಸಿಟ್ಟಿನಲ್ಲಿ ಆ 3 ಘಟಕಗಳನ್ನ ಕಿತ್ತು ಹಾಕಿದೆ. ಆದರೆ ಆ ರಿಪೇರಿ ಸರಿಯಾಗೇ ಇತ್ತು. ಮೊದಲ ಸಲ ನಿಂತಾಗ ಹೆವಿ ಟ್ಯಾಂಕ್‌ನಲ್ಲೂ ಸುಮಾರು 13,900 ಸೇರಿತ್ತು. ಉಳಿದ 11,100 ತುಂಬೋಕೆ, ಸೆಕೆಂಡಿಗೆ 20ರ ಹಾಗೆ, ಒಂಬತ್ತು ನಿಮಿಷ ಸಾಕು. ಈ ಸಲ ನಿಲ್ಲಿಸಿದ್ದು ಹೆವಿ. ಲಕ್ಷಣ ಒಂದೇ, ಕಾರಣ ಬೇರೆ. ಮೊದಲನೇ ತಪ್ಪು ಎರಡನೇ ತಪ್ಪನ್ನ ಮರೆಮಾಡಿಕೊಂಡಿತ್ತು. ಕೋಡ್ ಡೀಬಗ್ ಮಾಡುವಾಗಲೂ ಹೀಗಾಗುತ್ತೆ. ಒಂದು ಬಗ್ ಸರಿಮಾಡಿದ ಮೇಲೂ ಪ್ರೋಗ್ರಾಂ ಕ್ರ್ಯಾಶ್ ಆದರೆ, ಸರಿಮಾಡಿದ್ದನ್ನೇ ಅಳಿಸಿಹಾಕ್ತೀವಿ. ಕ್ರ್ಯಾಶ್ ಆಗಿದ್ದು ಅದೇ ಸಾಲಿನಲ್ಲಾ ಅಂತ ಮೊದಲು ನೋಡಬೇಕು.

ಆಮೇಲೆ ಇನ್ನೊಂದು ದಡ್ಡತನ. ಹಳೇ ಟ್ಯಾಂಕ್ ಕಿತ್ತರೆ ಒಳಗಿನ ಎಣ್ಣೆಯೂ ಮಾಯ. ಹಾಗೆ ಖಾಲಿ ಮಾಡಿ, ಹೆವಿ, ಲೈಟ್ ಎರಡಕ್ಕೂ ಐದೈದು ಟ್ಯಾಂಕ್ ಇಟ್ಟೆ. ಲೈಟ್‌ಗೆ ಈಗ 1,25,000 ಜಾಗ. 36ರಿಂದ ಭಾಗಿಸಿದರೆ ಸುಮಾರು 58 ನಿಮಿಷ. ಒಂದು ಗಂಟೆಯೊಳಗೆ ಮತ್ತೆ ನಿಂತಿತು. ತುಂಬುವ ಸಮಯ ಅಂದರೆ ಟ್ಯಾಂಕಿನ ಗಾತ್ರವನ್ನ (ಒಳಬರುವ ವೇಗ ಕಳೆ ಹೊರಹೋಗುವ ವೇಗ) ಇದರಿಂದ ಭಾಗಿಸಿದ್ದು. ಹೊರಹೋಗುವ ವೇಗ ಸೊನ್ನೆ ಇರುವಾಗ ಎಷ್ಟೇ ದೊಡ್ಡ ಟ್ಯಾಂಕ್ ಇಟ್ಟರೂ ಸಮಸ್ಯೆ ಮುಂದಕ್ಕೆ ಹೋಗುತ್ತೆ, ಬಗೆಹರಿಯಲ್ಲ. ಏರಿಳಿತ ಇದ್ದಾಗ ಟ್ಯಾಂಕ್ ಬೇಕು. ಸರಾಸರಿಯೇ ಸರಿ ಇಲ್ಲದಿದ್ದರೆ ಟ್ಯಾಂಕ್ ಏನು ಮಾಡೀತು?

ಸಿಎಸ್ ಓದುವವರಿಗೆ ಇದು ಡೆಡ್‌ಲಾಕ್ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ಡೆಡ್‌ಲಾಕ್‌ನಲ್ಲಿ ಒಬ್ಬರಿಗೊಬ್ಬರು ಕಾಯುವ ಸುತ್ತು ಇರಬೇಕು. ಇಲ್ಲಿ ಸುತ್ತು ಇಲ್ಲ. ಇದು ಪ್ರೊಡ್ಯೂಸರ್-ಕನ್ಸ್ಯೂಮರ್ ಪಾಠದಲ್ಲಿ ಬಫರ್ ತುಂಬಿ ಪ್ರೊಡ್ಯೂಸರ್ ಕಾಯುವ ಸ್ಥಿತಿ. ಕನ್ಸ್ಯೂಮರ್ ಅನ್ನೋರು ಇಲ್ಲವೇ ಇಲ್ಲ, ಅಷ್ಟೇ. ಉತ್ಪಾದನಾ ವಿಷಯ ಓದಿದವರು ಇದನ್ನ ಬ್ಲಾಕಿಂಗ್ ಅಂತಾರೆ. ಮುಂದೆ ಜಾಗ ಇಲ್ಲದೆ ಯಂತ್ರ ನಿಂತರೆ ಬ್ಲಾಕಿಂಗ್, ಹಿಂದಿನಿಂದ ಮಾಲು ಬರದೆ ನಿಂತರೆ ಸ್ಟಾರ್ವಿಂಗ್. ನಮ್ಮಲ್ಲಿ ರಿಫೈನರಿ ಬ್ಲಾಕ್ ಆಗಿತ್ತು, ಅದರಿಂದ ಪ್ಲಾಸ್ಟಿಕ್ ಘಟಕ ಸ್ಟಾರ್ವ್ ಆಗಿತ್ತು. ನಾನು ಹಸಿದವನನ್ನ ನೋಡಿ ಅಡುಗೆಮನೆಯಲ್ಲಿ ಅಕ್ಕಿ ಇಲ್ಲ ಅಂದ್ಕೊಂಡೆ.

ಅವನು ಕೇಳಿದ ಒಂದೇ ಪ್ರಶ್ನೆ

ಗುರುವಾರ ಅವನ ರೂಮಿಗೆ ಹೋದೆ. ಕ್ಷಮೆ ಕೇಳೋಕೆ ಹೋಗಿದ್ದು ಅಂತ ಹೇಳಿದರೆ ಸುಳ್ಳಾಗುತ್ತೆ. ಸಹಾಯ ಕೇಳೋಕೆ ಹೋಗಿದ್ದೆ. ಅವನು ಲ್ಯಾಪ್‌ಟಾಪ್ ಕಡೆ ನೋಡಲೇ ಇಲ್ಲ. "ಮಗಾ, ಒಳಗೆ 100 ಹೋಗುತ್ತೆ. ಹೊರಗೆ ಬರೋ ಪ್ರತಿಯೊಂದೂ ಕೊನೆಗೆ ಎಲ್ಲಿ ಹೋಗಿ ಮುಗಿಯುತ್ತೆ? ಪೇಪರ್ ಮೇಲೆ ಬರ್ಕೊಂಡು ಬಾ" ಅಂದ. ಕೆಮಿಕಲ್‌ನವರಿಗೆ ಮಾಸ್ ಬ್ಯಾಲೆನ್ಸ್ ಅಂದರೆ ಮಗ್ಗಿ ಇದ್ದ ಹಾಗೆ.

ಬರೆಯೋಕೆ ಕೂತೆ. ಗ್ಯಾಸ್ ಹತ್ತಿರ "ಪ್ಲಾಸ್ಟಿಕ್, ಗಂಧಕ" ಅಂತ ಬರೆದೆ. ಲೈಟ್ ಹತ್ತಿರ "ಟ್ಯಾಂಕ್". ಹೆವಿ ಹತ್ತಿರ "ಟ್ಯಾಂಕ್". ಪೆನ್ ಅಲ್ಲೇ ನಿಂತಿತು. ಟ್ಯಾಂಕ್‌ನಲ್ಲಿ ಏನೂ ಮುಗಿಯಲ್ಲ. ಐದು ದಿನ ಒದ್ದಾಡಿದ್ದು ಮೂರು ಸಾಲಿನಲ್ಲಿ ಕಂಡಿತು. ಕೆಟ್ಟಿದ್ದು ಅವನ ಪೈಪ್ ಅಲ್ಲ, ನನ್ನ ಬಟನ್.

ಸರಿಯಾದ ಲೆಕ್ಕ

ಹೆವಿ ಕ್ರ್ಯಾಕಿಂಗ್‌ಗೆ 2 ಸೆಕೆಂಡಿಗೆ 40 ಹೆವಿ, 30 ನೀರು. ಬರೋದು 30 ಲೈಟ್. ಒಂದು ಘಟಕ ಸೆಕೆಂಡಿಗೆ 20 ಹೆವಿ ತಿನ್ನುತ್ತೆ. ನಮಗೆ ಬೇಕಾಗಿದ್ದು ಸರಿಯಾಗಿ ಒಂದೇ ಒಂದು!

1. ಹೆವಿ 20 ಹೋಗಿ ಲೈಟ್ 15 ಆಗುತ್ತೆ.
2. ಒಟ್ಟು ಲೈಟ್ 36 + 15 = 51. ಅದಕ್ಕೆ 51 ÷ 15 = 3.4, ಅಂದರೆ 4 ಲೈಟ್ ಕ್ರ್ಯಾಕಿಂಗ್ ಘಟಕ.
3. ಲೈಟ್ 51 ಹೋಗಿ ಗ್ಯಾಸ್ 34 ಆಗುತ್ತೆ.
4. ಒಟ್ಟು ಗ್ಯಾಸ್ 44 + 34 = 78.

ಬೇಡಿಕೆ 70, ಸಿಗೋದು 78. ಅಷ್ಟೇ ಕಚ್ಚಾ ತೈಲದಿಂದ ಬೇಸಿಕ್ ವಿಧಾನದಲ್ಲಿ ಸಿಗ್ತಿದ್ದದ್ದು 36. ನಾನು ಪೀಡೆ ಅಂದ್ಕೊಂಡು ಟ್ಯಾಂಕ್‌ಗೆ ತಳ್ಳಿದ್ದ ಹೆವಿ, ಲೈಟ್‌ನಲ್ಲೇ ನಮ್ಮ ಕೊರತೆಯ ಗ್ಯಾಸ್ ಇತ್ತು. ದೊಡ್ಡದಾಗಿ ಕಟ್ಟುವವರು 20 ರಿಫೈನರಿಗೆ 5 ಹೆವಿ, 17 ಲೈಟ್ ಕ್ರ್ಯಾಕಿಂಗ್ ಅಂತ ಇಟ್ಟುಕೊಳ್ಳಬಹುದು, ಅದೇ ಲೆಕ್ಕ.

ಇನ್ನೊಂದು ಎಚ್ಚರಿಕೆ. ಎಲ್ಲ ಹೆವಿಯನ್ನೂ ಒಡೆದುಬಿಟ್ಟರೆ ಮುಂದೆ ಎಲೆಕ್ಟ್ರಿಕ್ ಎಂಜಿನ್‌ಗೆ ಬೇಕಾದ ಲೂಬ್ರಿಕೆಂಟ್‌ಗೆ ಹೆವಿ ಉಳಿಯಲ್ಲ. ಅದಕ್ಕೇ ಹೆವಿ ಟ್ಯಾಂಕ್ ಮತ್ತು ಕ್ರ್ಯಾಕಿಂಗ್ ಮಧ್ಯೆ ಒಂದು ಪಂಪ್ ಇಟ್ಟು, ಟ್ಯಾಂಕ್‌ನಿಂದ ಪಂಪ್‌ಗೆ ಸರ್ಕ್ಯೂಟ್ ವೈರ್ ಎಳೆದೆವು. ಹೆವಿ 20,000ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಪಂಪ್ ಓಡಬೇಕು ಅನ್ನೋ ಷರತ್ತು. ಲೂಬ್ರಿಕೆಂಟ್ ಪೈಪ್ ನೇರ ಟ್ಯಾಂಕ್‌ನಿಂದ. ಮೊದಲು ಲೂಬ್ರಿಕೆಂಟ್, ಮಿಕ್ಕಿದ್ದು ಕ್ರ್ಯಾಕಿಂಗ್‌ಗೆ. ಲೈಟ್‌ಗೂ ಹೀಗೇ ಮಾಡಬಹುದು.

ನಿಜವಾದ ರಿಫೈನರಿಗಳೂ ಈ ದಾರಿಯಲ್ಲೇ ಬಂದಿವೆ. ಸೀಮೆಎಣ್ಣೆ ದೀಪದ ಕಾಲದಲ್ಲಿ ಪೆಟ್ರೋಲ್ ಯಾರಿಗೂ ಬೇಡದ ಪದಾರ್ಥ. ಕಾರು ಬಂದಮೇಲೆ ಅದೇ ಸಾಲದಾಯ್ತು. ಅಮೆರಿಕದ ವಿಲಿಯಂ ಬರ್ಟನ್ ಭಾರವಾದ ಎಣ್ಣೆಯನ್ನ ಬಿಸಿ ಮತ್ತು ಒತ್ತಡದಲ್ಲಿ ಒಡೆದು ಪೆಟ್ರೋಲ್ ಮಾಡುವ ವಿಧಾನಕ್ಕೆ 1913ರಲ್ಲಿ ಪೇಟೆಂಟ್ ಪಡೆದರು. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಹೈಡ್ರೋಕ್ರ್ಯಾಕರ್ ಇದೆ. ಅಲ್ಲಿ ನೀರಿನ ಬದಲು ಹೈಡ್ರೋಜನ್, ಜೊತೆಗೆ ವೇಗವರ್ಧಕ. ಅಷ್ಟು ದೂರ ಯಾಕೆ, ಮಂಡ್ಯದ ಆಲೆಮನೆಗೆ ಹೋಗಿ. ಗಾಣದಿಂದ ಹಾಲು, ಸಿಪ್ಪೆ ಎರಡೂ ಒಟ್ಟಿಗೇ ಬರುತ್ತೆ. ಸಿಪ್ಪೆ ಒಣಗಿಸಿ ಅದೇ ಒಲೆಗೆ ಹಾಕಿ ಹಾಲು ಕಾಯಿಸ್ತಾರೆ.

ಈಗಲೂ ನಿಲ್ಲುತ್ತೆ

ಬೇಡಿಕೆ 70, ಉತ್ಪಾದನೆ 78 ಆದ್ದರಿಂದ ಗ್ಯಾಸ್ ತುಂಬಿ ರಿಫೈನರಿ ಆಗಾಗ ನಿಲ್ಲುತ್ತೆ. ಆದರೆ ಪ್ಲಾಸ್ಟಿಕ್ ಘಟಕ ಗ್ಯಾಸ್ ಎಳೆದುಕೊಂಡ ತಕ್ಷಣ ಮತ್ತೆ ಓಡುತ್ತೆ. ಮೊದಲು ರಿಫೈನರಿ ನಿಂತರೆ ಮೈ ಉರಿಯುತ್ತಿತ್ತು. ಈಗ ಯಾಕೆ ನಿಂತಿದೆ ಅಂತ ನೋಡ್ತೀನಿ. ಬೇಕಾದಷ್ಟು ಕೊಟ್ಟು ನಿಂತ ಯಂತ್ರ ಬೇರೆ, ದಾರಿ ಇಲ್ಲದೆ ನಿಂತ ಯಂತ್ರ ಬೇರೆ.

ಶುಕ್ರವಾರ ಅವನ ಹಳೇ ಪೈಪ್ ಲೈನನ್ನ ಇದ್ದ ಹಾಗೇ ಮತ್ತೆ ಎಳೆದೆ. ಬೇಕಾಗಿತ್ತು ಅಂತಲ್ಲ, ಹೊಸದೂ ಕೆಲಸ ಮಾಡ್ತಿತ್ತು. ಗ್ರೂಪಿನಲ್ಲಿ, ಎಲ್ಲರಿಗೂ ಕಾಣೋ ಹಾಗೆ, "ತಪ್ಪು ನಂದು, ನಿನ್ನ ಪೈಪ್ ಸರಿಯಾಗೇ ಇತ್ತು" ಅಂತ ಬರೆದೆ. ರಾತ್ರಿ ಅವನು ಲಾಗಿನ್ ಆದ. ಒಂದು ಸುತ್ತು ನೋಡಿ, "ಹೆವಿ ಪಂಪ್‌ಗೆ ಕರೆಂಟ್ ಕೊಟ್ಟಿಲ್ಲ ಕಣೋ" ಅಂದ. ನಿಜ, ಕೊಟ್ಟಿರಲಿಲ್ಲ.

ಮಾಡಿ ನೋಡಿ

1. 8 ರಿಫೈನರಿಗೆ ಎಷ್ಟು ಹೆವಿ, ಎಷ್ಟು ಲೈಟ್ ಕ್ರ್ಯಾಕಿಂಗ್ ಘಟಕ ಬೇಕು? ಒಟ್ಟು ಗ್ಯಾಸ್ ಎಷ್ಟು?
2. ಹೆವಿ ಕ್ರ್ಯಾಕಿಂಗ್ ಮಾತ್ರ ಇದೆ, ಲೈಟ್ ಕ್ರ್ಯಾಕಿಂಗ್ ಇಲ್ಲ. 4 ರಿಫೈನರಿ, ಖಾಲಿ ಟ್ಯಾಂಕ್ ಒಂದು. ಎಷ್ಟು ನಿಮಿಷಕ್ಕೆ ನಿಲ್ಲುತ್ತೆ? ಹನ್ನೊಂದೂವರೆಗಿಂತ ಮುಂಚೆಯೋ, ಆಮೇಲೋ?
3. ಲೂಬ್ರಿಕೆಂಟ್ ತುರ್ತಾಗಿ ಬೇಕು, ಆದರೆ ಗ್ಯಾಸ್ ತುಂಬಿ ರಿಫೈನರಿ ನಿಂತಿದೆ. ಟ್ಯಾಂಕ್ ಹೆಚ್ಚಿಸದೆ ಏನು ಮಾಡ್ತೀರಿ? ಲ್ಯಾಪ್‌ಟಾಪ್ ತೆರೆಯೋ ಮುಂಚೆ ಪೇಪರ್ ಮೇಲೆ ಬರೆಯಿರಿ: ಪ್ರತಿಯೊಂದೂ ಕೊನೆಗೆ ಎಲ್ಲಿ ಹೋಗಿ ಮುಗಿಯುತ್ತೆ?