ಗಬ್ಬದ ಆಕಳೂ ಬೇಸಗೆಯ ಬಿಸಿಲೂ

(ಸಭೆಯ ಕುಟುಂಬಗಳಿಗಾಗಿ ಒಂದು ಪಾಠ)

ಓದತಕ್ಕ ವೇದಭಾಗಗಳು: ಯೆರೆಮೀಯ 14:1–6, ಯೋಹಾನ 9:1–3, ಲೂಕ 13:15.



ಯೆರೆಮೀಯನು ತನ್ನ ಪ್ರವಾದನ ಗ್ರಂಥದ 14ನೆಯ ಅಧ್ಯಾಯದಲ್ಲಿ ಯೆಹೂದ ದೇಶಕ್ಕೆ ಬಂದ ಅನಾವೃಷ್ಟಿಯನ್ನು ವರ್ಣಿಸುತ್ತಾನೆ. ನೀರಿಗೆ ಹೋದ ಆಳುಗಳು ಬರಿಗೊಡ ಹೊತ್ತು ಹಿಂದಿರುಗುವದನ್ನೂ, ಬಿರಿದ ನೆಲದ ಮೇಲೆ ರೈತರು ತಲೆ ಮುಚ್ಚಿಕೊಂಡು ನಿಲ್ಲುವದನ್ನೂ ಹೇಳಿದ ಮೇಲೆ ಅವನು ಮೃಗಗಳ ಕಡೆಗೆ ತಿರುಗುತ್ತಾನೆ. ಅಡವಿಯ ಜಿಂಕೆಯು ತಾನು ಈದ ಮರಿಯನ್ನು ಬಿಟ್ಟುಹೋಗುತ್ತದೆ. ಕಾಡುಕತ್ತೆಗಳ ಕಣ್ಣು ಮಂಕಾಗುತ್ತದೆ. ಎರಡಕ್ಕೂ ಪ್ರವಾದಿಯು ತಿಳಿಸುವ ಕಾರಣ ಒಂದೇ, ಹಸಿರು ಮೇವು ಇಲ್ಲದಿರುವದು. ಈ ಭಾಗವನ್ನು ನಾವು ಅನೇಕ ಸಾರಿ ಓದಿದ್ದೆವು, ಸಭೆಯಲ್ಲಿ ಬೋಧಿಸಿಯೂ ಇದ್ದೆವು. ಆದರೆ ಹುಲ್ಲಿಗೂ ಕಣ್ಣಿಗೂ ಇರುವ ಸಂಬಂಧವನ್ನು ಒಂದು ಕುರುಡು ಕರುವು ಕಲಿಸುವ ತನಕ ನಾವು ಗ್ರಹಿಸಲಿಲ್ಲ.

1. ನಡೆದ ಸಂಗತಿ

ನಮ್ಮ ಸಭೆಗೆ ಸೇರಿದ ಒಬ್ಬ ವಿಧವೆಯು ಸಾಲ ಮಾಡಿ ಒಂದು ಮಿಶ್ರತಳಿಯ ಆಕಳನ್ನು ಸಾಕಿದ್ದಳು. ಹಾಲಿನ ಹಣವೇ ಆಕೆಯ ಮನೆಗೆ ಆಧಾರ. ಗಬ್ಬದ ಏಳನೆಯ ತಿಂಗಳಿನಲ್ಲಿ ಹಾಲು ಬತ್ತಿದ ಮೇಲೆ ಆಕಳಿಗೆ ಕೊಡುತ್ತಿದ್ದ ಹಿಂಡಿಯನ್ನು ಆಕೆ ನಿಲ್ಲಿಸಿದಳು. ಹಾಲು ಕೊಡದ ಆಕಳಿಗೆ ಖರ್ಚು ಯಾಕೆಂಬದು ಊರಿನವರೆಲ್ಲರ ಮಾತು. ತಗಡಿನ ಮಾಡಿನ ಕೆಳಗೆ ಅದನ್ನು ಕಟ್ಟಿ, ಒಣಗಿದ ಜೋಳದ ಕಣಿಕೆಯನ್ನು ಮಾತ್ರ ಹಾಕುತ್ತಿದ್ದರು. ಮೇ ತಿಂಗಳಲ್ಲಿ ಅದು ದಿನ ತುಂಬುವದಕ್ಕೆ ಮೊದಲೇ ಈದಿತು. ಕಸ ಬೀಳಲಿಲ್ಲ. ಕರುವಿನ ಕಣ್ಣುಗಳು ತಿಳಿಯಾಗಿ ಕಂಡರೂ ಅದು ಗೋಡೆಗೆ ಹಾಯ್ದು ಬೀಳುತ್ತಿತ್ತು.

ಕೆಟ್ಟ ಕಣ್ಣು ತಗಲಿದೆ, ತಾಯಿತ ಕಟ್ಟಿಸು ಎಂದು ನೆರೆಯವರು ಹೇಳಿದರು. ಆಕೆ ತಾಯಿತ ಕಟ್ಟಿಸಲಿಲ್ಲ. ನಮ್ಮನ್ನು ಕರೆಯಿಸಿ, "ಅಯ್ಯನವರೇ, ನಾನು ಏನು ತಪ್ಪು ಮಾಡಿದೆನೆಂದು ದೇವರು ಹೀಗೆ ಮಾಡಿದನು?" ಎಂದು ಕೇಳಿದಳು. ನಾವು, "ಅವ್ವಾ, ದೇವರ ಚಿತ್ತ, ಸಹಿಸಿಕೋ" ಎಂದು ಹೇಳಿ, ಪ್ರಾರ್ಥನೆ ಮಾಡಿ, ಗೋದಲಿಯ ಕಡೆಗೆ ನೋಡದೆ ಹೊರಟುಬಂದೆವು. ಮರುದಿನ ಬಂದ ಪಶುವೈದ್ಯರು ಮೊದಲು ನೋಡಿದ್ದು ಗೋದಲಿಯನ್ನೇ. ಡಿಸೆಂಬರ್ ತಿಂಗಳಿಂದ ಈ ಆಕಳಿನ ಬಾಯಿಗೆ ಹಸಿರೆಂಬದು ಬಿದ್ದಿರಲಿಲ್ಲವೆಂದು ತಿಳಿದಾಗ ಅವರು, "ಕೊರತೆಯೇ ಇದಕ್ಕೆ ಕಾರಣವಾಗಿರಬೇಕು" ಅಂದರು. ಆಕಳು ಉಳಿಯಿತು, ಕರುವು ಎಂಟನೆಯ ದಿನ ಸತ್ತಿತು. ಆದಕಾರಣ ನಾವು ಆ ಕೊರತೆಯನ್ನು ಕುರಿತು ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ.

2. ಹದಿನಾರು ಕಡಸುಗಳು

1907ರಲ್ಲಿ ಅಮೇರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಂಡಿತರು 16 ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಮೆಕ್ಕೆಜೋಳದ ಗಿಡದಿಂದ ಬಂದ ಆಹಾರ, ಒಂದಕ್ಕೆ ಗೋದಿಯದು, ಒಂದಕ್ಕೆ ಓಟ್ಸ್ ಧಾನ್ಯದ್ದು, ನಾಲ್ಕನೆಯದಕ್ಕೆ ಮೂರೂ ಬೆರೆಸಿದ್ದು. ರಸಾಯನ ಶಾಸ್ತ್ರದ ಲೆಕ್ಕದಲ್ಲಿ ನಾಲ್ಕೂ ಆಹಾರಗಳು ಸಮಾನವಾಗಿದ್ದವು. ಆದರೆ ಈಯುವ ಕಾಲ ಬಂದಾಗ ಭೇದವು ಕಾಣಿಸಿತು. ಮೆಕ್ಕೆಜೋಳ ತಿಂದವುಗಳ ಕರುಗಳು ಗಟ್ಟಿಯಾಗಿ ಹುಟ್ಟಿದವು. ಗೋದಿ ತಿಂದವುಗಳು ದಿನ ತುಂಬದೆ ಈದವು, ಕರುಗಳು ಬದುಕಲಿಲ್ಲ, ತಾಯಿಗಳ ದೃಷ್ಟಿಯೂ ಕೆಟ್ಟಿತು. 1911ರಲ್ಲಿ ಈ ಪರೀಕ್ಷೆಯ ಫಲವು ಪ್ರಕಟವಾಯಿತು. ಅದರಲ್ಲಿ ಕೆಲಸಮಾಡಿದ ಮೆಕಾಲಮ್ ಎಂಬವರು 1913ರಲ್ಲಿ, ಕೊಬ್ಬಿನಲ್ಲಿ ಕರಗುವ ಒಂದು ಅಗತ್ಯ ಪದಾರ್ಥವುಂಟೆಂದು ತೋರಿಸಿಕೊಟ್ಟರು. ಅದಕ್ಕೇ ಈಗ ಎ ಜೀವಸತ್ವವೆಂದು ಹೆಸರು. ಹೊಟ್ಟೆ ತುಂಬುವದು ಬೇರೆ, ಪೋಷಣೆ ಬೇರೆ ಎಂಬದನ್ನು ಹೀಗೆ ಈ ಆಕಳುಗಳೂ ತೋರಿಸಿಕೊಟ್ಟವು.

3. ಬೇಕಾದ ಜೀವಸತ್ವಗಳು

ಎ ಜೀವಸತ್ವ: ಹಸಿರು ಮೇವಿನಲ್ಲಿರುವ ಕ್ಯಾರೊಟಿನ್ ಎಂಬ ಪದಾರ್ಥದಿಂದ ಆಕಳು ಇದನ್ನು ತನ್ನ ಶರೀರದಲ್ಲಿ ಮಾಡಿಕೊಳ್ಳುತ್ತದೆ. ಬಿಸಿಲಿಗೆ ಬಹುಕಾಲ ಒಣಗಿದ ಹುಲ್ಲಿನಲ್ಲಿಯೂ ಕಣಿಕೆಯಲ್ಲಿಯೂ ಅದು ಬಹುಮಟ್ಟಿಗೆ ನಾಶವಾಗಿರುತ್ತದೆ. ಮಳೆಗಾಲದಲ್ಲಿ ಯಕೃತ್ತಿನಲ್ಲಿ ಕೂಡಿಟ್ಟದ್ದು ಎರಡರಿಂದ ನಾಲ್ಕು ತಿಂಗಳ ವರೆಗೆ ಸಾಕಾದೀತು; ಬೇಸಗೆಯ ನಡುವೆ ಆ ಕಣಜವು ಬರಿದಾಗುತ್ತದೆ. ಆಗ ಇರುಳುಗಣ್ಣು, ಗಬ್ಬ ಇಳಿಯುವದು, ಕಸ ಬೀಳದಿರುವದು, ಕರು ಬಲಹೀನವಾಗಿಯೋ ಕುರುಡಾಗಿಯೋ ಹುಟ್ಟುವದು, ಇವೆಲ್ಲ ಸಂಭವಿಸುತ್ತವೆ. ತಲೆಯ ಎಲುಬು ದಪ್ಪವಾಗಿ ಬೆಳೆದು ಕಣ್ಣಿನ ನರವನ್ನು ಒತ್ತುವದರಿಂದ ಅಂಥ ಕರುವಿಗೆ ಕಣ್ಣಿದ್ದೂ ಕಾಣಿಸುವದಿಲ್ಲ.

ಇ ಜೀವಸತ್ವ: 1922ರಲ್ಲಿ ಇವಾನ್ಸ್ ಮತ್ತು ಬಿಷಪ್ ಎಂಬವರು ಇಲಿಗಳಲ್ಲಿ ಇದನ್ನು ಕಂಡುಹಿಡಿದರು; ಇದು ಇಲ್ಲದ ತಾಯಿಯ ಗರ್ಭದಲ್ಲಿ ಮರಿಗಳು ಸಾಯುತ್ತಿದ್ದವು. ಇದರ ಶಾಸ್ತ್ರೀಯ ನಾಮವಾದ ಟೋಕೋಫೆರಾಲ್ ಎಂಬದು ಗ್ರೀಕ್ ಭಾಷೆಯ ಎರಡು ಮಾತುಗಳಿಂದ ಆದದ್ದು. ಹೆರಿಗೆಯನ್ನು ಸಾಗಿಸುವದು ಎಂಬದೇ ಅದರ ಭಾವ. ಸೆಲೆನಿಯಮ್ ಎಂಬ ಖನಿಜದ ಸಂಗಡ ಸೇರಿ ಇದು ಕಸ ಬೀಳುವದಕ್ಕೂ ಕೆಚ್ಚಲಬಾವನ್ನು ತಡೆಯುವದಕ್ಕೂ ಸಹಾಯಮಾಡುತ್ತದೆ. ಇದೂ ಹಸಿರಿನಲ್ಲಿ ಹೇರಳ, ಒಣಮೇವಿನಲ್ಲಿ ಅಲ್ಪ.

ಡಿ ಜೀವಸತ್ವವನ್ನು ಚರ್ಮವು ಸೂರ್ಯನ ಬೆಳಕಿನಿಂದ ಮಾಡಿಕೊಳ್ಳುತ್ತದೆ. ಮುಂಜಾನೆ ಹೊರಗೆ ಬಿಡುವ ಆಕಳಿಗೆ ಅದರ ಚಿಂತೆ ಸ್ವಲ್ಪವೇ. ಬಿ ವರ್ಗದವುಗಳನ್ನು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೂ, ಸಿ ಜೀವಸತ್ವವನ್ನು ಯಕೃತ್ತೂ ಸಿದ್ಧಮಾಡುತ್ತವೆ. ಆದಕಾರಣ ನಮ್ಮ ಹಣವನ್ನು ಖರ್ಚು ಮಾಡತಕ್ಕದ್ದು ಮುಖ್ಯವಾಗಿ ಎ ಮತ್ತು ಇ ಜೀವಸತ್ವಗಳಿಗಾಗಿಯೇ.

4. ಬಿಸಿಲು ಮಾಡುವ ಹಾನಿ

ಸೆಕೆಯಿಂದ ಬಳಲಿದ ಆಕಳು ಕಡಮೆ ಮೇಯುತ್ತದೆ; ಹೀಗೆ ಇದ್ದ ಸ್ವಲ್ಪ ಜೀವಸತ್ವವೂ ಹೊಟ್ಟೆಗೆ ಸೇರುವದಿಲ್ಲ. ಅದಲ್ಲದೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಶರೀರದ ಕಣಗಳನ್ನು ಕೆಡಿಸುವ ಒಂದು ಕ್ರಿಯೆಯು ತಾಪದಿಂದ ಹೆಚ್ಚುತ್ತದೆ. ಅದನ್ನು ತಡೆಯುವ ಕೆಲಸದಲ್ಲಿಯೇ ಇ ಜೀವಸತ್ವವು ವ್ಯಯವಾಗುತ್ತದೆ. ಬರುವದು ಕಡಮೆ, ಹೋಗುವದು ಹೆಚ್ಚು.

ಅಮೇರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಹಾಲು ಬತ್ತಿದ ಗಬ್ಬದ ಆಕಳುಗಳಲ್ಲಿ ಕೆಲವನ್ನು ನೀರು ಚಿಮುಕಿಸಿ ಗಾಳಿ ಬೀಸಿ ತಂಪಾಗಿಟ್ಟರು, ಕೆಲವನ್ನು ಹಾಗೆ ಮಾಡದೆ ಬಿಟ್ಟರು. ತಂಪು ಕಾಣದ ಆಕಳುಗಳು ಕೆಲವು ದಿನ ಮುಂಚೆ ಈದವು. ಅವುಗಳ ಕರುಗಳು ತೂಕದಲ್ಲಿ ಕಡಮೆ. ಗಿಣ್ಣದ ಹಾಲಿನ ರಕ್ಷಕ ಸತ್ವವನ್ನು ಹೀರುವ ಶಕ್ತಿಯೂ ಅವಕ್ಕೆ ಕಡಮೆ. ತಾಯಿಯು ಮುಂದಿನ ಸೂಲಿನಲ್ಲಿ ಕಡಮೆ ಹಾಲು ಕೊಟ್ಟದ್ದಲ್ಲದೆ, ಆ ಬೇಸಗೆಯಲ್ಲಿ ಗರ್ಭದಲ್ಲಿದ್ದ ಹೆಣ್ಣು ಕರುವು ಬೆಳೆದು ಈದಾಗ ಅದರ ಹಾಲೂ ಕಡಮೆಯಾಗಿತ್ತು. ಹುಟ್ಟುವಾಗ ಕರುವಿಗಿರುವ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವದು ಕೊನೆಯ ಎರಡು ತಿಂಗಳಲ್ಲಿ. ನಾವು ಹಾಲಿಲ್ಲವೆಂದು ಆಕಳನ್ನು ಮರೆಯುವದೂ ಅದೇ ಎರಡು ತಿಂಗಳಲ್ಲಿ.

5. ಮಾಡತಕ್ಕ ಕೆಲಸಗಳು

ಮೊದಲನೆಯದು, ನೆರಳು ಮತ್ತು ನೀರು. ಯಾವ ಔಷಧವೂ ಬಿಸಿಲನ್ನು ತಣಿಸುವದಿಲ್ಲ. ತಗಡಿನ ಮೇಲೆ ಸೋಗೆಯನ್ನೋ ಕಬ್ಬಿನ ರವದಿಯನ್ನೋ ಹೊದಿಸಿರಿ. ಹಗಲಿನಲ್ಲಿ ಬೇವಿನ ಮರದ ಕೆಳಗೆ ಕಟ್ಟಿರಿ. ಬೇಸಗೆಯಲ್ಲಿ ಗಬ್ಬದ ಆಕಳಿಗೆ ದಿನಕ್ಕೆ 50 ಲೀಟರ್, ಅದಕ್ಕೂ ಹೆಚ್ಚು ನೀರು ಬೇಕಾಗಬಹುದು. ಕರ್ತನು ಸಬ್ಬತ್ ದಿನದ ವಿಷಯವಾಗಿ ತರ್ಕಿಸಿದವರಿಗೆ, ಆ ದಿನದಲ್ಲಿಯೂ ಅವರು ಎತ್ತನ್ನು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವದನ್ನು ಜ್ಞಾಪಕಕ್ಕೆ ತಂದನು. ಆರಾಧನೆಯ ದಿನವೂ ಇದನ್ನು ಮರೆಯಬಾರದು. ಆಕಳಿನ ಪಕ್ಕೆಯನ್ನು ನೋಡಿ ಉಸಿರನ್ನು ಎಣಿಸಿರಿ. ನಿಮಿಷಕ್ಕೆ 60ಕ್ಕೆ ಮೀರಿದರೆ ಅದು ಸೆಕೆಯಿಂದ ಬಳಲುತ್ತದೆಂದು ತಿಳಿದು ಮೈಮೇಲೆ ನೀರು ಹೊಯ್ದು ಗಾಳಿಯಾಡುವಲ್ಲಿ ಕಟ್ಟಿರಿ. ಮೇವನ್ನು ನಸುಕಿನಲ್ಲಿಯೂ ಸಂಜೆಯ ತಂಪಿನಲ್ಲಿಯೂ ಹಾಕಿರಿ.

ಎರಡನೆಯದು, ಹಸಿರು. ದಿನಕ್ಕೆ 5ರಿಂದ 8 ಕಿಲೋ ಹಸಿರು ಮೇವು ಸಿಕ್ಕಿದರೆ ಎ ಜೀವಸತ್ವದ ಕೊರತೆಯು ಸಾಮಾನ್ಯವಾಗಿ ನೀಗುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಆನೆಹುಲ್ಲನ್ನು ನೆಡಿರಿ. ಬೇಲಿಗೆ ನುಗ್ಗೆಯನ್ನೂ ಚೊಗಚೆಯನ್ನೂ ಹಚ್ಚಿರಿ. ನೀರಾವರಿಯುಳ್ಳವರು ಕುದುರೆಮೆಂತೆಯನ್ನು ಬಿತ್ತಲಿ. ಮೇವನ್ನು ಒಣಗಿಸುವದಾದರೆ ನೆರಳಿನಲ್ಲಿ ಒಣಗಿಸಿರಿ. ಆದರೆ ನೀರಿಲ್ಲದೆ ಬಾಡಿದ ಎಳೆಯ ಜೋಳದ ಪೈರನ್ನು ಮಾತ್ರ ಮೇಯಿಸಬೇಡಿರಿ. ಅದರಲ್ಲಿ ಪ್ರಾಣ ತೆಗೆಯುವ ವಿಷವುಂಟು.

ಮೂರನೆಯದು, ಹಸಿರು ಸಿಕ್ಕದಿದ್ದರೆ ಜೀವಸತ್ವದ ಪೂರಕ. ಅಮೇರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು 2001ರಲ್ಲಿ ಗೊತ್ತುಮಾಡಿದ ಪ್ರಕಾರ, ಹಾಲು ಬತ್ತಿದ ಗಬ್ಬದ ಆಕಳಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಎ ಜೀವಸತ್ವ 110 ಅಂತರರಾಷ್ಟ್ರೀಯ ಮಾನ, ಡಿ 30, ಇ 1.6 ಬೇಕು. ಆ ಲೆಕ್ಕದಲ್ಲಿ 400 ಕಿಲೋ ತೂಕದ ಆಕಳಿಗೆ ದಿನಕ್ಕೆ ಎ 44,000, ಡಿ 12,000, ಇ 640 ಮಾನ. ಬಾಟಲಿಯ ಮೇಲಿನ ಬರಹವನ್ನು ಈ ಲೆಕ್ಕಕ್ಕೆ ಹೋಲಿಸಿ, ಪಶುವೈದ್ಯರನ್ನು ಕೇಳಿ ಕೊಡಿರಿ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೇದೆಂದು ಭಾವಿಸಬೇಡಿರಿ. ಎ ಮತ್ತು ಡಿ ಶರೀರದಲ್ಲಿ ಕೂಡಿಕೊಂಡು ವಿಷವಾಗಬಲ್ಲವು. ಸೆಲೆನಿಯಮ್ ವಿಷಯದಲ್ಲಂತೂ ಹಿತಕ್ಕೂ ವಿಷಕ್ಕೂ ನಡುವಣ ಅಂತರ ಬಹಳ ಸಣ್ಣದು. ಆ ಚುಚ್ಚುಮದ್ದನ್ನು ವೈದ್ಯರೇ ಕೊಡಬೇಕು. ಔಷಧವನ್ನು ಬಿಸಿಲು ತಾಗದ ತಂಪಾದ ಸ್ಥಳದಲ್ಲಿಡಿರಿ, ಇಲ್ಲವಾದರೆ ಅದರ ಸತ್ವ ಕುಂದುತ್ತದೆ.

ನಾಲ್ಕನೆಯದು, ಗಿಣ್ಣದ ಹಾಲು. ಎ ಜೀವಸತ್ವವು ಗರ್ಭದಲ್ಲಿ ಕರುವಿಗೆ ಸೇರುವದು ಅಲ್ಪ. ಹೆಚ್ಚಿನದು ದೊರೆಯುವದು ಗಿಣ್ಣದ ಹಾಲಿನಿಂದಲೇ. ಕಸ ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂಬ ರೂಢಿಯು ನಮ್ಮಲ್ಲಿ ಅನೇಕರಿಗೆ ಇನ್ನೂ ಉಂಟು. ಇದು ತಪ್ಪು. ಹುಟ್ಟಿದ ಎರಡು ಗಂಟೆಯೊಳಗೆ ಕುಡಿಸತಕ್ಕದ್ದು. ಮೊದಲನೆಯ ದಿನದೊಳಗೆ ಕರುವಿನ ತೂಕದ ಹತ್ತರಲ್ಲೊಂದು ಪಾಲಾದರೂ ಅದರ ಹೊಟ್ಟೆಗೆ ಸೇರಬೇಕು. ಒಂದು ದಿನ ಕಳೆದರೆ ರಕ್ಷಕ ಸತ್ವವನ್ನು ಹೀರುವ ಬಾಗಿಲು ಮುಚ್ಚಿಹೋಗುತ್ತದೆ. ನೆರೆಯವರಿಗೆ ಗಿಣ್ಣ ಹಂಚುವದು ಒಳ್ಳೇ ಪದ್ಧತಿಯೇ. ಕರುವಿಗೆ ತೃಪ್ತಿಯಾದ ಮೇಲೆ ಹಂಚಿರಿ.

6. ಯಾರ ಪಾಪ?

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯಾರ ಪಾಪದಿಂದ ಹೀಗಾಯಿತೆಂದು ಕರ್ತನನ್ನು ಕೇಳಿದರು. ಅವನದೂ ಅಲ್ಲ, ತಂದೆತಾಯಿಗಳದೂ ಅಲ್ಲವೆಂದು ಉತ್ತರಕೊಟ್ಟು, ಕರ್ತನು ಆ ಮನುಷ್ಯನ ಕಣ್ಣಿಗೆ ಬೇಕಾದದ್ದನ್ನು ಮಾಡುವದಕ್ಕೆ ಕೈ ನೀಡಿದನು. ನಮ್ಮ ಸಭೆಯ ವಿಧವೆಯೂ ಶಿಷ್ಯರ ಪ್ರಶ್ನೆಯನ್ನೇ ಕೇಳಿದ್ದಳು. ಕರ್ತನ ಉತ್ತರವನ್ನು ಸೆಮಿನರಿಯಲ್ಲಿ ಕಲಿತಿದ್ದರೂ ನಾವು ಅದನ್ನು ಆಕೆಗೆ ಕೊಡಲಿಲ್ಲ. ಹುಲ್ಲಿನ ಕೊರತೆಯನ್ನು ದೇವರ ಮೇಲೆ ಹೊರಿಸಿ ಬಂದೆವು. ತಾಯಿತ ಕಟ್ಟುವವನು ಗೋದಲಿಯನ್ನು ನೋಡುವದಿಲ್ಲ. ನೋಡದೆ ಪ್ರಾರ್ಥಿಸಿದ ನಾವು ಅವನಿಗಿಂತ ಹೇಗೆ ಉತ್ತಮರಾದೆವು? ಪ್ರಾರ್ಥನೆಯನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ದೇವರು ಹುಲ್ಲಿನಲ್ಲಿ ಇಟ್ಟಿರುವ ಉತ್ತರವನ್ನು ತೆಗೆದುಕೊಳ್ಳದೆ, ಉತ್ತರ ಬರಲಿಲ್ಲವೆಂದು ಗೊಣಗಬಾರದೆಂದು ಹೇಳುತ್ತೇವೆ.

ಆಕೆಯ ಬಳಿಗೆ ಹಿಂದಿರುಗಿ ಹೋಗಿ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಈಗ ಆ ಆಕಳು ಪುನಃ ತುಂಬು ಗಬ್ಬವಾಗಿದೆ. ಮಾಡಿನ ಮೇಲೆ ಸೋಗೆ ಹೊದಿಸಿದೆ. ಬಚ್ಚಲ ಬಳಿಯಲ್ಲಿ ಆನೆಹುಲ್ಲು ಆಳೆತ್ತರ ಬೆಳೆದಿದೆ. ಹಾಲಿಲ್ಲದಿದ್ದರೂ ಹಿಂಡಿ ನಿಂತಿಲ್ಲ. ಕರುವು ಹೇಗೆ ಹುಟ್ಟೀತೋ ದೇವರು ಬಲ್ಲನು. ನಾವಂತೂ ಈಗ ಆ ಮನೆಗೆ ಹೋದರೆ ಮೊದಲು ಗೋದಲಿಯನ್ನು ನೋಡಿ, ಆಮೇಲೆ ಪ್ರಾರ್ಥನೆಗೆ ಕುಳಿತುಕೊಳ್ಳುತ್ತೇವೆ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಆಕಳಿನ ಬಾಯಿಗೆ ಹಸಿರು ಮೇವು ಬೀಳದೆ ಎಷ್ಟು ತಿಂಗಳಾಯಿತು?
2. ಹಾಲು ಬತ್ತಿದ ಮೇಲೆ ಅದಕ್ಕೆ ಕೊಡುವದರಲ್ಲಿ ನಾವು ಏನನ್ನು ಕಡಮೆ ಮಾಡಿದೆವು?
3. ಮಧ್ಯಾಹ್ನದಲ್ಲಿ ಅದರ ಉಸಿರು ನಿಮಿಷಕ್ಕೆ ಎಷ್ಟು?
4. ಹುಟ್ಟಿದ ಕರುವಿಗೆ ನಮ್ಮ ಮನೆಯಲ್ಲಿ ಗಿಣ್ಣದ ಹಾಲು ಯಾವಾಗ ದೊರೆಯುತ್ತದೆ?
5. ನೆರೆಯವರಿಗೆ ನಷ್ಟ ಬಂದಾಗ ನಾವು ಪಾಪವನ್ನು ಹುಡುಕುತ್ತೇವೋ, ಕೊರತೆಯನ್ನು ಹುಡುಕುತ್ತೇವೋ?