ಊರಲ್ಲಿ ಉಳಿದವರ ಲೆಕ್ಕ

ಪ್ರೀತಿಯ ಮಗಳೇ,

ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಸುದ್ದಿಯ ಜೊತೆಗೇ ನೀನೊಂದು ಪ್ರಶ್ನೆಯನ್ನೂ ಕಳಿಸಿದ್ದೀಯ. ‘ಓದಿದವರೆಲ್ಲ ಹೀಗೆ ಹೊರಟರೆ ಊರಿನ ಗತಿ ಏನು ಅಂತ ಕೇಳ್ತಾರೆ ಮೇಷ್ಟ್ರೇ. ನಾನು ಹೋಗೋದು ತಪ್ಪಾ?’ ಈ ಪ್ರಶ್ನೆ ನಿನ್ನೊಬ್ಬಳದಲ್ಲ. ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಎಷ್ಟೋ ಮನೆಗಳ ಜಗಲಿಯ ಮೇಲೆ ಇದೇ ಮಾತು ನಡೆಯುತ್ತಿದೆ. ಅದಕ್ಕೇ ಉತ್ತರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನೀನು ಹೋಗುವುದು ತಪ್ಪಲ್ಲ. ಊರಿನಲ್ಲಿ ಜನ ಕಡಿಮೆಯಾಗುವುದೂ ಅನಾಹುತವೇನಲ್ಲ. ಉಳಿದವರನ್ನು ಎಲ್ಲರೂ ಸೇರಿ ಕೈಬಿಟ್ಟರೆ ಅದು ಅನಾಹುತ. ಈ ವ್ಯತ್ಯಾಸ ಮನಸ್ಸಿಗೆ ಇಳಿಯಬೇಕಾದರೆ ಸ್ವಲ್ಪ ಲೆಕ್ಕ ನೋಡಬೇಕು. ಶಾಲೆಯಲ್ಲಿ ನಿನಗೆ ಲೆಕ್ಕ ಎಂದರೆ ಇಷ್ಟವಿತ್ತು, ಬೇಸರ ಮಾಡಿಕೊಳ್ಳದೆ ಓದು.

‘ಹಳ್ಳಿಗಳು ಸಾಯುತ್ತಿವೆ’ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. 2001ರಲ್ಲಿ ನಮ್ಮ ದೇಶದ ಹಳ್ಳಿಗಳಲ್ಲಿ 74 ಕೋಟಿ ಜನರಿದ್ದರು. 2011ರ ಹೊತ್ತಿಗೆ ಅದು 83 ಕೋಟಿ ದಾಟಿತು. ಒಂದೇ ದಶಕದಲ್ಲಿ ಹಳ್ಳಿಗಳಿಗೆ ಒಂಬತ್ತು ಕೋಟಿ ಜನ ಸೇರಿದರು. ಸಾಯುತ್ತಿರುವುದರ ಲಕ್ಷಣ ಇದಲ್ಲ. ಆದರೆ ಅದೇ ದಶಕದಲ್ಲಿ ನಗರಗಳಿಗೆ ಸೇರಿದವರ ಸಂಖ್ಯೆ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಸ್ವಾತಂತ್ರ್ಯ ಬಂದ ಮೇಲೆ ಹೀಗಾದದ್ದು ಅದೇ ಮೊದಲು. 1951ರಲ್ಲಿ ನೂರಕ್ಕೆ ಹದಿನೇಳು ಜನ ಪಟ್ಟಣಿಗರಾಗಿದ್ದರೆ 2011ರಲ್ಲಿ ಮೂವತ್ತೊಂದು. ನಮ್ಮ ರಾಜ್ಯದಲ್ಲಂತೂ ಮೂವತ್ತೆಂಟು ದಾಟಿತು. ಕರ್ನಾಟಕದ ಹಳ್ಳಿಗಳ ಜನಸಂಖ್ಯೆ ಆ ಹತ್ತು ವರ್ಷಗಳಲ್ಲಿ ಶೇ 7ರ ಆಸುಪಾಸಿನಲ್ಲಿ ಬೆಳೆದರೆ, ಪಟ್ಟಣಗಳದು ಶೇ 31ರಷ್ಟು ಬೆಳೆಯಿತು.

ಇದೆಲ್ಲ ಜನ ಗಂಟುಮೂಟೆ ಕಟ್ಟಿ ಹೊರಟದ್ದರಿಂದಲೇ ಆದದ್ದೂ ಅಲ್ಲ. ಕೇರಳವನ್ನು ನೋಡು. ಅಲ್ಲಿನ ಗ್ರಾಮೀಣ ಜನಸಂಖ್ಯೆ 2001ರಿಂದ 2011ರ ನಡುವೆ 2.36 ಕೋಟಿಯಿಂದ 1.75 ಕೋಟಿಗೆ ಇಳಿಯಿತು. ಅರವತ್ತು ಲಕ್ಷ ಜನ ಊರು ಬಿಡಲಿಲ್ಲ, ಅವರಿದ್ದ ಊರುಗಳೇ ಪಟ್ಟಣವೆಂದು ದಾಖಲಾದವು. ಐದು ಸಾವಿರ ಜನರಿದ್ದು, ಚದರ ಕಿಲೋಮೀಟರಿಗೆ ನಾನೂರು ಮಂದಿ ವಾಸವಿದ್ದು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿದ್ದರೆ ಗಣತಿ ಆ ಊರನ್ನು ಪಟ್ಟಣವೆಂದೇ ಬರೆದುಕೊಳ್ಳುತ್ತದೆ. ಆಡಳಿತಕ್ಕೆ ಮಾತ್ರ ಅದು ಗ್ರಾಮ ಪಂಚಾಯಿತಿಯಾಗಿಯೇ ಇರಬಹುದು. ಇಂಥ ಗಣತಿ ಪಟ್ಟಣಗಳು ದೇಶದಲ್ಲಿ 1,362 ಇದ್ದದ್ದು ಹತ್ತೇ ವರ್ಷದಲ್ಲಿ 3,894 ಆದವು.

ಹಾಗಾಗಿ ‘ಹಳ್ಳಿ’ ಎಂದು ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಬೇಡ. ಬೆಂಗಳೂರಿನ ಅಂಚಿನ ಹಳ್ಳಿ ಜನ ತುಂಬಿ ಉಸಿರುಗಟ್ಟುತ್ತಿದೆ. ಕಲಬುರಗಿ, ಯಾದಗಿರಿ ಕಡೆಯ ಹಳ್ಳಿ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತದೆ, ಮಳೆ ಬಿದ್ದಾಗ ಮರಳುತ್ತದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವೇ. ಅಲ್ಲಿಂದ ಗುಳೆ ಹೊರಡುವವರು ಒಳ್ಳೆಯ ಸಂಬಳ ಹುಡುಕಿಕೊಂಡು ಹೋಗುವವರಲ್ಲ, ಊರಲ್ಲಿ ಕೂಲಿಯಿಲ್ಲದೆ ಹೋಗುವವರು. ಅವರ ಹೊರಡುವಿಕೆಗೂ ನಿನ್ನ ಹೊರಡುವಿಕೆಗೂ ಹೋಲಿಕೆಯಿಲ್ಲ.

ಇನ್ನು ನಮ್ಮ ಕಡೆಯದು. 2001–2011ರ ದಶಕದಲ್ಲಿ ಇಡೀ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದ ಜಿಲ್ಲೆ ಒಂದೇ, ನಮ್ಮ ಚಿಕ್ಕಮಗಳೂರು. ಇಳಿದದ್ದು ಸುಮಾರು ಮೂರು ಸಾವಿರ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಕೊಡಗು ಶೇ 1ರಷ್ಟು, ಮಂಡ್ಯ ಶೇ 2ರಷ್ಟು, ಹಾಸನ ಶೇ 3ರಷ್ಟು ಮಾತ್ರ ಬೆಳೆದವು.

ಕಾರಣಗಳು ನಿನಗೂ ಗೊತ್ತು. ಹೆರಿಗೆಗಳೇ ಕಡಿಮೆಯಾಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಈಗಿನ ಜನಸಂಖ್ಯೆ ಹಾಗೇ ಉಳಿಯಬೇಕಾದರೆ 2.1 ಬೇಕು. ಒಂದನೇ ತರಗತಿಯ ಬೆಂಚು ಖಾಲಿಯಾದದ್ದಕ್ಕೆಲ್ಲ ಊರು ಬಿಟ್ಟವರನ್ನೇ ದೂರುವುದು ಅನ್ಯಾಯ. ಜಮೀನಂತೂ ಹಂಚಿ ಹಂಚಿ ಚಿಕ್ಕದಾಯಿತು. ದೇಶದಲ್ಲಿ ಸರಾಸರಿ ಹಿಡುವಳಿ 1970–71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015–16ಕ್ಕೆ 1.08ಕ್ಕೆ ಇಳಿದಿದೆ. ಶೃಂಗೇರಿ, ಕೊಪ್ಪದ ಕಡೆ ಅಡಕೆಗೆ ಹಳದಿ ಎಲೆ ರೋಗ ಬಂದು ತೋಟಗಳೇ ಸೊರಗಿದವು. ಅದರ ಮೇಲೆ ಈಗ ಎಲೆಚುಕ್ಕಿ. ಕೊನೆಗಾರರು ಸಿಗದೆ ಫೈಬರ್ ದೋಟಿ ತಂದದ್ದಾಯಿತು. ಇಷ್ಟರ ನಡುವೆ ಇಬ್ಬರು ಮಕ್ಕಳನ್ನೂ ಓದಿಸಿದ ಅಪ್ಪ, ‘ಇಲ್ಲೇ ಇರು’ ಎಂದು ಯಾವ ಬಾಯಲ್ಲಿ ಹೇಳಿಯಾನು?

ನಾನು ಕಂಡ ಒಂದು ಸಂಗತಿ ಹೇಳಬೇಕು. 2011ರ ಫೆಬ್ರುವರಿ 9ರಿಂದ 28ರವರೆಗೆ ಗಣತಿ ನಡೆದಾಗ ನಾನು ಗಣತಿದಾರನಾಗಿ ಮನೆಮನೆ ತಿರುಗಿದೆ. ಆ ಅವಧಿಯಲ್ಲಿ ಪೂರ್ತಿ ಹೊರಗಿದ್ದವರನ್ನು ಊರಿನ ಮನೆಯಲ್ಲಿ ಬರೆಯುವಂತಿಲ್ಲ, ಅವರು ಎಲ್ಲಿದ್ದಾರೋ ಅಲ್ಲಿ ಎಣಿಕೆಯಾಗಬೇಕು ಎಂಬುದು ನಿಯಮ. ಒಂದು ಮನೆಯಲ್ಲಿ ವಯಸ್ಸಾದ ತಾಯಿ, ಸೊಸೆ, ಸೊಸೆಯ ಕಂಕುಳಲ್ಲಿ ಒಂದು ಮಗು. ನಾನು ಮೂರು ಹೆಸರು ಬರೆದು ಪೆನ್ನು ಎತ್ತಿದೆ. ಆ ತಾಯಿ ಫಾರಂ ಮೇಲೆ ಕೈಯಿಟ್ಟು, ‘ಇನ್ನಿಬ್ರು ಗಂಡುಮಕ್ಳನ್ನ ಬಿಟ್ರಲ್ಲ ಮೇಷ್ಟ್ರೇ, ಬರ್ಕೊಳಿ. ಬೆಂಗ್ಳೂರಲ್ಲಿದ್ರೂ ಅವ್ರು ಈ ಮನೆಯವ್ರೇ’ ಎಂದರು. ನಿಯಮ ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ಅಲ್ಲಿಂದ ಎಸ್ಟೇಟಿನ ಲೈನ್ ಮನೆಗಳ ಕಡೆ ಹೊರಟಾಗ ಅದೇ ಮನೆಯ ಪಕ್ಕದವರು, ‘ಅಲ್ಲಿಗ್ಯಾಕೆ ಹೋಗ್ತೀರಿ, ಅವ್ರು ನಮ್ಮೂರೋರಲ್ಲ’ ಎಂದು ತಡೆದರು. ಆ ಸಾಲಿನಲ್ಲಿ ಹೊರಗಿನಿಂದ ಕೆಲಸಕ್ಕೆ ಬಂದು ನೆಲೆಸಿದ ಸಂಸಾರಗಳಿದ್ದವು. ಅವರ ಮಕ್ಕಳು ನಮ್ಮ ಶಾಲೆಗೇ ಬರುತ್ತಿದ್ದರು, ನಮ್ಮ ತೋಟಗಳ ಕಾಫಿ ಹಣ್ಣು ಬಿಡಿಸುತ್ತಿದ್ದವರೂ ಅವರೇ. ವಲಸೆಗೆ ಕಾರಣ ಎಂಬ ಅಂಕಣದಲ್ಲಿ ಗಂಡಸರ ಎದುರು ‘ಕೆಲಸ’ ಎಂದೂ, ಹೆಂಗಸರ ಎದುರು ಹೆಚ್ಚಾಗಿ ‘ಮದುವೆ’ ಎಂದೂ ಬರೆದುಕೊಂಡೆ.

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಹೋದವರನ್ನು ಊರು ಇನ್ನೂ ತನ್ನವರೆಂದು ಎಣಿಸುತ್ತದೆ, ಬಂದವರನ್ನು ಎಣಿಸಲು ಒಪ್ಪುವುದಿಲ್ಲ. ಇವತ್ತು ಆ ಲೈನ್ ಮನೆಗಳಲ್ಲಿ ಅಸ್ಸಾಮಿನವರಿದ್ದಾರೆ. ಊರು ಖಾಲಿಯಾಯಿತೆಂದು ಮರುಗುವವರು ಈ ಹೊಸಬರನ್ನು ನೋಡುವುದೇ ಇಲ್ಲ. ಊರು ಉಳಿಯಬೇಕು ಎನ್ನುವವರು ಮೊದಲು ಇರುವವರನ್ನೆಲ್ಲ ಊರಿನವರೆಂದು ಒಪ್ಪಬೇಕು.

ಹಾಗಾದರೆ ನಿಜವಾದ ಕಷ್ಟ ಎಲ್ಲಿದೆ? ಊರು ಬಿಡುವವರು ಎಲ್ಲ ವಯಸ್ಸಿನವರೂ ಅಲ್ಲ. ಇಪ್ಪತ್ತರಿಂದ ನಲವತ್ತೈದರ ನಡುವಿನವರು ಹೋಗುತ್ತಾರೆ, ಮುದುಕರೂ ಮಕ್ಕಳೂ ಉಳಿಯುತ್ತಾರೆ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಜೀಪು ಓಡಿಸುವವರಿಲ್ಲ. ಹೆಣ ಹೊರಲು ಪಕ್ಕದೂರಿನವರನ್ನು ಕರೆಯಬೇಕು. ದುಡಿಮೆಯೆಲ್ಲ ಹೆಂಗಸರ ಹೆಗಲಿಗೆ ಬಿದ್ದಿದೆ, ಪಹಣಿ ಮಾತ್ರ ಗಂಡಸರ ಹೆಸರಲ್ಲಿದೆ. 2015–16ರ ಕೃಷಿ ಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿ ದೇಶದಲ್ಲಿ ನೂರಕ್ಕೆ ಹದಿನಾಲ್ಕು ಮಾತ್ರ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರ ನೋವು ನಿಜವಾದದ್ದು. ಆದರೆ ಗೇಯುವ ಮಣ್ಣಿನಲ್ಲಿ ತನ್ನ ಹೆಸರಿಲ್ಲದ ಬದುಕನ್ನು ನಿನ್ನ ವಯಸ್ಸಿನ ಹುಡುಗಿ ಬೇಡ ಎಂದರೆ ಅದನ್ನು ಸೊಕ್ಕು ಎನ್ನಲಾರೆ.

ಇದಕ್ಕಿಂತ ದೊಡ್ಡ ಕಷ್ಟ ಸೌಲಭ್ಯಗಳದ್ದು. ಮಕ್ಕಳು ಕಡಿಮೆಯೆಂದು ಶಾಲೆಯನ್ನು ವಿಲೀನ ಮಾಡುತ್ತಾರೆ. ಶಾಲೆ ಹೋದದ್ದಕ್ಕೆ ಉಳಿದ ಎರಡು ಸಂಸಾರವೂ ತಾಲ್ಲೂಕು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತವೆ. ಬಸ್ಸಿಗೆ ಜನ ಸಾಲದಾಗುತ್ತಾರೆ, ಸಂಜೆಯ ಟ್ರಿಪ್ಪು ನಿಲ್ಲುತ್ತದೆ. ಬಸ್ಸಿಲ್ಲದ ಊರಿಗೆ ನರ್ಸಮ್ಮ ಬರುವುದೂ ಅಪರೂಪವಾಗುತ್ತದೆ. ಉತ್ತರಾಖಂಡದ ಅಲ್ಮೋರಾ ಮತ್ತು ಪೌಡಿ ಜಿಲ್ಲೆಗಳು ಇದೇ ಇಳಿಜಾರಿನಲ್ಲಿ ಜಾರಿ ಜನ ಕಳೆದುಕೊಂಡವು. ಅಲ್ಲಿನ ಸರ್ಕಾರ 2017ರಲ್ಲಿ ವಲಸೆಗೆಂದೇ ಒಂದು ಆಯೋಗ ರಚಿಸಬೇಕಾಯಿತು.

ತಲೆ ಎಣಿಸಿಯೇ ಸೌಲಭ್ಯ ಕೊಡುತ್ತೇವೆ ಎನ್ನುವುದು ಬೆಟ್ಟದ ಊರಿಗೆ ನ್ಯಾಯವಲ್ಲ. ಇದು ನಾನೊಬ್ಬ ಹೇಳುವ ಮಾತಲ್ಲ, ಸರ್ಕಾರದ ಕಾಯ್ದೆ ಕಟ್ಟಳೆಗಳೇ ಒಪ್ಪಿದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000 ಜನ ಬೇಕೆಂದರೆ ಗುಡ್ಡಗಾಡಿನಲ್ಲಿ 20,000 ಸಾಕು. ಉಪಕೇಂದ್ರಕ್ಕೆ 5,000ದ ಬದಲು 3,000. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಕನಿಷ್ಠ 5,000 ಜನ ಎಂದು ಹೇಳಿ, ಮಲೆನಾಡಿನ ಜಿಲ್ಲೆಗಳಿಗೆ 2,500 ಸಾಕು ಎಂದಿತು. ಅದೇ ವಿವೇಕವನ್ನು ಶಾಲೆಗೆ, ಬಸ್ಸಿಗೆ, ಪಡಿತರ ಅಂಗಡಿಗೆ ಯಾಕೆ ತರಬಾರದು? ಓದಿದ ನಿಮ್ಮಂಥವರು ಕೇಳಬೇಕಾದದ್ದು ಇದನ್ನು.

ಊರು ಬೇಕಾಗುವುದು ಊರಲ್ಲಿರುವವರಿಗಷ್ಟೇ ಅಲ್ಲ. 2020ರಲ್ಲಿ ಲಾಕ್‌ಡೌನ್ ಆದಾಗ ನಗರಗಳು ಬಾಗಿಲು ಹಾಕಿದವು, ಜನ ಊರಿಗೆ ನಡೆದರು. ದೇಶದ ದುಡಿಯುವವರಲ್ಲಿ ಬೇಸಾಯದಲ್ಲಿದ್ದವರ ಪಾಲು 2018–19ರಲ್ಲಿ ಶೇ 42.5 ಇದ್ದದ್ದು 2020–21ಕ್ಕೆ ಶೇ 46.5ಕ್ಕೆ ಏರಿತು. ವರ್ಷಗಳಿಂದ ಇಳಿಯುತ್ತಿದ್ದ ಲೆಕ್ಕ ತಿರುಗಿತು. ಆಪತ್ತಿಗೆ ಆದ ಊರನ್ನು ಆಪತ್ತು ಕಳೆದ ಮೇಲೆ ಮರೆಯಬಾರದು.

ಇನ್ನು ನಿನಗೆ ನಾಲ್ಕು ಕಿವಿಮಾತು.

ತಪ್ಪಿತಸ್ಥೆಯ ಮನಸ್ಸಿನಿಂದ ಹೋಗಬೇಡ, ನೆಮ್ಮದಿಯಿಂದ ಹೋಗು. ಪಾಪಪ್ರಜ್ಞೆ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಜಾತ್ರೆಗೆ ಬಂದು, ದೇವಸ್ಥಾನಕ್ಕೆ ಚಂದಾ ಬರೆಸಿ, ಮುಗಿಯಿತು ಎಂದುಕೊಂಡು ಮರಳುತ್ತಾರೆ. ಊರಿಗೆ ಅಷ್ಟು ಸಾಲದು.

ಎಲ್ಲಿರುತ್ತೀಯೋ ಅಲ್ಲೇ ಎಣಿಕೆಯಾಗು. 2021ರಲ್ಲಿ ಆಗಬೇಕಿದ್ದ ಗಣತಿಗೆ ಈಗ 2027ರ ಮಾರ್ಚ್ 1 ಆಧಾರ ದಿನವೆಂದು ನಿಗದಿಯಾಗಿದೆ. ನಿನ್ನ ಹೆಸರನ್ನು ಬೆಂಗಳೂರಿನಲ್ಲೇ ಬರೆಸು. ಮತವೂ ಒಂದೇ ಕಡೆ ಇರಲಿ. ಅಭಿಮಾನದಿಂದ ಕೊಡುವ ಸುಳ್ಳು ಲೆಕ್ಕದಿಂದ ಊರಿಗೆ ಒಳ್ಳೆಯದಾಗುವುದಿಲ್ಲ. ಊರಲ್ಲಿ ನಿಜವಾಗಿ ಎಷ್ಟು ಮುದುಕರು, ಎಷ್ಟು ಮಕ್ಕಳು, ಎಷ್ಟು ಹೊಸಬರು ಇದ್ದಾರೆ ಎಂಬುದು ಗೊತ್ತಾದರೆ ಅವರಿಗೆ ಬೇಕಾದದ್ದನ್ನು ಕೇಳಬಹುದು.

ಜಮೀನಿನ ಕಾಗದ ಸರಿಮಾಡಿಸು. ಅಜ್ಜನ ಹೆಸರಲ್ಲೇ ನಿಂತ ಪಹಣಿಯಿಂದ ಸಾಲವೂ ಸಿಗದು, ಬೆಳೆ ಪರಿಹಾರವೂ ಸಿಗದು. ಅಪ್ಪನನ್ನು ಕೂರಿಸಿಕೊಂಡು ಪೌತಿ ಖಾತೆ ಮಾಡಿಸು. ಅಮ್ಮನ ಹೆಸರು ಸೇರಲಿ. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಕರ್ನಾಟಕ 1994ರಲ್ಲೇ ಹೆಜ್ಜೆ ಇಟ್ಟಿತ್ತು, ಇಡೀ ದೇಶದ ಕಾನೂನು 2005ರಲ್ಲಿ ತಿದ್ದುಪಡಿಯಾಯಿತು. ನಿನ್ನ ಪಾಲನ್ನು ಕೇಳಲು ಸಂಕೋಚ ಬೇಡ. ಗದ್ದೆ ಪಾಳು ಬೀಳುವ ಬದಲು ಊರಲ್ಲಿ ಉಳಿದು ಗೇಯುವವರಿಗೆ ಲಿಖಿತ ಕರಾರಿನ ಮೇಲೆ ಸಾಗುವಳಿ ಮಾಡಲು ದಾರಿಯಿದೆಯೇ ಎಂದು ತಿಳಿದವರನ್ನು ಕೇಳು. ಮಾರಲೇಬೇಕಾದರೆ ಅವರನ್ನು ಮೊದಲು ವಿಚಾರಿಸು. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಭೂಮಿ ಕೊಳ್ಳಬಹುದು, ಬೇಲಿ ಹಾಕಿ ಬೀಗ ಜಡಿದು ಹೋಗುವವರೇ ಈಗ ಹೆಚ್ಚು.

ಕಡೆಯದಾಗಿ, ನಿನ್ನ ಓದನ್ನು ಊರಿಗೆ ಸಾಲ ಕೊಡು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೆ ಮೊದಲು ಅಮ್ಮನ ಸ್ವಸಹಾಯ ಸಂಘದ ಹೆಂಗಸರಿಗೆ ಫೋನ್ ಮಾಡಿ, ಏನು ಕೇಳಬೇಕು, ಅರ್ಜಿ ಹೇಗೆ ಬರೆಯಬೇಕು ಎಂದು ತಿಳಿಸು. ಶಾಲೆ ಮುಚ್ಚುವ ಮಾತು ಬಂದರೆ ದೂರ ಎಷ್ಟು, ಮಳೆಗಾಲದಲ್ಲಿ ಹಳ್ಳ ಎಷ್ಟು ದಿನ ದಾಟಲಾಗದು ಎಂದು ಅಂಕಿ ಅಂಶ ಸಮೇತ ಬರೆದುಕೊಡು. ಪಂಚಾಯಿತಿಯ ಅರಿವು ಕೇಂದ್ರಕ್ಕೆ ಪುಸ್ತಕ ಕಳಿಸುವಾಗ ಲೈನ್ ಮನೆಯ ಮಕ್ಕಳಿಗೂ ಓದಲು ಬರುವಂಥವನ್ನು ಸೇರಿಸು. ಬೆಂಗಳೂರಿನಲ್ಲಿ ನೀನೂ ಹೊರಗಿನಿಂದ ಬಂದವಳೇ. ನಿನ್ನ ಬಾಡಿಗೆ ಮನೆಯ ಎದುರಿನ ಕಟ್ಟಡ ಕೆಲಸಕ್ಕೆ ಯಾದಗಿರಿಯಿಂದ ಗುಳೆ ಬಂದ ಸಂಸಾರ ಇದ್ದರೆ, ಅವರ ಮಗು ಶಾಲೆಗೆ ಹೋಗುತ್ತಿದೆಯೇ ಎಂದು ಒಂದು ಮಾತು ಕೇಳು.

ನೀನು ಊರಿಗೆ ಮರಳಿ ಬರಲೇಬೇಕು ಎಂದು ನಾನು ಕೇಳುವುದಿಲ್ಲ. ಬಂದರೆ ಸಂತೋಷ. ಬಾರದಿದ್ದರೂ, ಕಡಿಮೆ ಜನರಿರುವ ಊರೂ ಮರ್ಯಾದೆಯಿಂದ ಬಾಳುವಂತೆ ಮಾಡುವ ಕೆಲಸದಲ್ಲಿ ನಿನ್ನ ಪಾಲಿದೆ. ಆ ಪಾಲನ್ನು ಈ ವರ್ಷವೇ ಪೌತಿ ಖಾತೆಯಿಂದ ಶುರುಮಾಡು. ಮುಂದಿನ ಸಲ ಬಂದಾಗ ನಿನ್ನ ಜೊತೆ ನಾಡಕಚೇರಿಗೆ ನಾನೂ ಬರುತ್ತೇನೆ.

ಇಂತಿ,
ನಿನ್ನ ಶ್ರೇಯಸ್ಸು ಬಯಸುವ
ಮೇಷ್ಟ್ರು